ಏರ್ ಕಮೊಡೋರ್ ಲಿಯೊನಾರ್ಡ್ ಬರ್ಚಲ್: ಜೀವನ ಮತ್ತು ಸಾಧನೆ

ಪೂರ್ಣ ಹೆಸರು: ಲಿಯೊನಾರ್ಡ್ ಜೋಸೆಫ್ ಬರ್ಚಲ್
ಜನನ: 6ನೇ ಜುಲೈ 1915, ಸೇಂಟ್ ಕ್ಯಾಥರೀನ್ಸ್, ಒಂಟಾರಿಯೊ ಪ್ರಾಂತ, ಕೆನಡಾ
ಸೇವೆ: ರಾಯಲ್ ಕೆನಡಿಯನ್ ವಾಯುಪಡೆ
ಪ್ರಮುಖ ಕಾರ್ಯ: ಸಿಲೋನ್ ದ್ವೀಪದ ಮೇಲಿನ ದಾಳಿಯ ಮುನ್ಸೂಚನೆ, 4ನೇ ಏಪ್ರಿಲ್ 1942
ನಿಧನ: 10ನೇ ಸೆಪ್ಟೆಂಬರ್ 2004, ಕಿಂಗ್‌ಸ್ಟನ್, ಕೆನಡಾ

ಪೀಠಿಕೆ

ಎರಡನೇ ಮಹಾಯುದ್ಧದ ಕಾಲದಲ್ಲಿ ಸಮುದ್ರ ಕಾವಲಿನ ಕಾರ್ಯದಲ್ಲಿ ನಿರತರಾಗಿದ್ದ ವೈಮಾನಿಕರ ಪೈಕಿ ಲಿಯೊನಾರ್ಡ್ ಬರ್ಚಲ್ ಅವರ ಹೆಸರು ಚಿರಸ್ಮರಣೀಯವಾದುದು. ಇಂದಿನ ಶ್ರೀಲಂಕಾ ದೇಶವನ್ನು ಆಗ ಸಿಲೋನ್ ಎಂದು ಕರೆಯಲಾಗುತ್ತಿತ್ತು. ಆ ದ್ವೀಪದತ್ತ ಬರುತ್ತಿದ್ದ ಬೃಹತ್ ನೌಕಾಬಲವನ್ನು ಮೊದಲಿಗೆ ಕಂಡು, ಪ್ರಾಣಾಪಾಯವನ್ನು ಲೆಕ್ಕಿಸದೆ ಅದರ ವಿವರಗಳನ್ನು ವರದಿ ಮಾಡಿದ ಕಾರಣ ಅವರು ಸಿಲೋನಿನ ರಕ್ಷಕರೆಂದು ಪ್ರಸಿದ್ಧರಾದರು. ಅನಂತರ ಮೂರು ವರ್ಷಗಳಿಗೂ ಹೆಚ್ಚು ಕಾಲ ಯುದ್ಧ ಕೈದಿಯಾಗಿದ್ದಾಗಲೂ ತಾವು ಕಂಡದ್ದನ್ನು ದಾಖಲಿಸುವ ಕರ್ತವ್ಯವನ್ನು ಅವರು ಕೈಬಿಡಲಿಲ್ಲ.

ಶಿಕ್ಷಣ ಮತ್ತು ಆರಂಭದ ಸೇವೆ

ಕಿಂಗ್‌ಸ್ಟನ್ ನಗರದ ರಾಯಲ್ ಮಿಲಿಟರಿ ಕಾಲೇಜಿನಲ್ಲಿ ವ್ಯಾಸಂಗ ಪೂರೈಸಿದ ಬರ್ಚಲ್ ಅವರು 1937ರಲ್ಲಿ ವಾಯುಪಡೆಯನ್ನು ಸೇರಿ ವಿಮಾನ ಚಾಲನೆಯ ತರಬೇತಿ ಪಡೆದರು. ಯುದ್ಧ ಆರಂಭವಾದಾಗ ಕೆನಡಾದ ಪೂರ್ವ ಕರಾವಳಿಯಲ್ಲಿ ಗಸ್ತು ಕಾರ್ಯಕ್ಕೆ ಅವರನ್ನು ನಿಯೋಜಿಸಲಾಯಿತು.

1940ರ ಜೂನ್ ತಿಂಗಳಲ್ಲಿ ಇಟಲಿಯು ಯುದ್ಧ ಘೋಷಿಸಿದ ಸಂದರ್ಭದಲ್ಲಿ ಕಾಪೊ ನೋಲಿ ಎಂಬ ಇಟಲಿಯ ಸರಕು ಹಡಗು ಕೆನಡಾದ ಜಲಪ್ರದೇಶದಿಂದ ಪಾರಾಗಲು ಯತ್ನಿಸುತ್ತಿತ್ತು. ಬರ್ಚಲ್ ಅವರು ತಮ್ಮ ವಿಮಾನವನ್ನು ದಾಳಿ ಮಾಡುವ ರೀತಿಯಲ್ಲಿ ಹಡಗಿನ ಮೇಲೆ ತಗ್ಗಿನಲ್ಲಿ ಹಾರಿಸಿದರು. ಭಯಗೊಂಡ ಹಡಗಿನ ನಾಯಕನು ಹಡಗನ್ನು ದಡಕ್ಕೆ ಹತ್ತಿಸಿದನು. ಬರ್ಚಲ್ ಅವರು ಸಮೀಪದಲ್ಲಿಯೇ ನೀರಿನ ಮೇಲೆ ವಿಮಾನವನ್ನು ಇಳಿಸಿ ನೌಕಾಪಡೆಯವರು ಬರುವವರೆಗೆ ಕಾದಿದ್ದರು. ಹೀಗೆ ಒಂದು ಗುಂಡನ್ನೂ ಹಾರಿಸದೆ ಹಡಗು ವಶವಾಯಿತು.

ಹಿಂದೂ ಮಹಾಸಾಗರದ ಪರಿಸ್ಥಿತಿ

1942ರ ಮೊದಲ ತಿಂಗಳುಗಳು ದಕ್ಷಿಣ ಏಷ್ಯಾಕ್ಕೆ ಅತ್ಯಂತ ಆತಂಕದ ದಿನಗಳಾಗಿದ್ದವು. ಫೆಬ್ರವರಿ 15ರಂದು ಸಿಂಗಾಪುರ, ಮಾರ್ಚ್ 8ರಂದು ರಂಗೂನ್ ಹಾಗೂ ಮಾರ್ಚ್ 23ರಂದು ಅಂಡಮಾನ್ ದ್ವೀಪಗಳು ಜಪಾನಿನ ವಶವಾದವು. ಭಾರತಕ್ಕೆ ಬರುವ ಸಮುದ್ರ ಮಾರ್ಗಗಳ ರಕ್ಷಣೆಗೆ ಸಿಲೋನಿನ ಕೊಲಂಬೊ ಮತ್ತು ತ್ರಿಂಕೋಮಲಿ ಬಂದರುಗಳೇ ಆಧಾರವಾಗಿ ಉಳಿದಿದ್ದವು.

ಈ ಹಿನ್ನೆಲೆಯಲ್ಲಿ ಕೆನಡಾದ 413ನೇ ಸ್ಕ್ವಾಡ್ರನ್ ಅನ್ನು ಬ್ರಿಟನ್ನಿನ ಶೆಟ್‌ಲೆಂಡ್ ದ್ವೀಪಗಳಿಂದ ಸಿಲೋನಿಗೆ ವರ್ಗಾಯಿಸಲಾಯಿತು. ಸ್ಕ್ವಾಡ್ರನ್ ಲೀಡರ್ ಹುದ್ದೆಯಲ್ಲಿದ್ದ ಬರ್ಚಲ್ ಅವರು ಏಪ್ರಿಲ್ 2ರಂದು ದ್ವೀಪದ ದಕ್ಷಿಣ ತೀರದ ಕೊಗ್ಗಲ ಎಂಬಲ್ಲಿಗೆ ಬಂದು ತಲುಪಿದರು. ಅವರ ಸ್ಕ್ವಾಡ್ರನ್ನಿನಲ್ಲಿದ್ದುದು ಕ್ಯಾಟಲಿನಾ ಎಂಬ ಗಸ್ತು ಬಾಂಬರ್ ವಿಮಾನಗಳು. ಮೂಲತಃ ಅಮೆರಿಕದ ನೌಕಾಪಡೆಗಾಗಿ ರೂಪಿಸಲಾದ ಈ ವಿಮಾನವು ನೀರಿನ ಮೇಲಿಂದಲೇ ಏರಿ, ನೀರಿನ ಮೇಲೆಯೇ ಇಳಿಯಬಲ್ಲದಾಗಿತ್ತು. ದೀರ್ಘಕಾಲ ಹಾರುವ ಸಾಮರ್ಥ್ಯ ಇದಕ್ಕಿದ್ದರೂ ವೇಗವು ಬಹಳ ಕಡಿಮೆ. ಯುದ್ಧ ವಿಮಾನಗಳು ಎದುರಾದಲ್ಲಿ ತಪ್ಪಿಸಿಕೊಂಡು ಹೋಗುವುದು ಬಹುಮಟ್ಟಿಗೆ ಅಸಾಧ್ಯವಾಗಿತ್ತು.

4ನೇ ಏಪ್ರಿಲ್ 1942

ದ್ವೀಪಕ್ಕೆ ಬಂದ ಎರಡೇ ದಿನಗಳಲ್ಲಿ, ಏಪ್ರಿಲ್ 4ರಂದು ಬೆಳಗಾಗುವ ಮೊದಲೇ ಬರ್ಚಲ್ ಅವರು ಒಟ್ಟು 9 ಮಂದಿಯ ತಂಡದೊಂದಿಗೆ ಗಸ್ತಿಗೆ ಹೊರಟರು. ದಿನವಿಡೀ ದಕ್ಷಿಣದ ಸಮುದ್ರವನ್ನು ಪರಿಶೀಲಿಸಿ, ಹಿಂದಿರುಗುವ ವೇಳೆ ಸಮೀಪಿಸಿದಾಗ ದಿಗಂತದಲ್ಲಿ ಹಡಗುಗಳಿರುವುದು ಕಂಡುಬಂದಿತು. ಆಗ ವಿಮಾನವು ಸಿಲೋನಿನಿಂದ ಸುಮಾರು 560 ಕಿಲೋಮೀಟರ್ ದೂರದಲ್ಲಿತ್ತು.

ದೂರದಿಂದ ಕಂಡ ಹಡಗುಗಳು ಯಾರವು ಎಂಬುದನ್ನು ಖಚಿತಪಡಿಸಿಕೊಳ್ಳದೆ ವರದಿ ಮಾಡಿದಲ್ಲಿ ಅದರಿಂದ ಪ್ರಯೋಜನವಾಗುತ್ತಿರಲಿಲ್ಲ. ಸಮೀಪಕ್ಕೆ ಹೋದಲ್ಲಿ ಹಿಂದಿರುಗುವ ಭರವಸೆ ಇರಲಿಲ್ಲ. ಬರ್ಚಲ್ ಅವರು ಸಮೀಪಕ್ಕೆ ಹೋಗಲು ನಿರ್ಧರಿಸಿದರು. ಅಲ್ಲಿದ್ದುದು ವೈಸ್ ಅಡ್ಮಿರಲ್ ನಗುಮೊ ಅವರ ನೇತೃತ್ವದ, ಐದು ವಿಮಾನವಾಹಕ ನೌಕೆಗಳನ್ನು ಒಳಗೊಂಡ ಜಪಾನಿನ ನೌಕಾಬಲ. ನಾಲ್ಕು ತಿಂಗಳ ಹಿಂದೆ ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆಸಿದ್ದೂ ನಗುಮೊ ಅವರ ಪಡೆಯೇ.

ಜಪಾನಿನ ಜೀರೋ ಯುದ್ಧ ವಿಮಾನಗಳು ಕೂಡಲೇ ಮೇಲೇರಿ ದಾಳಿ ಆರಂಭಿಸಿದವು. ಗುಂಡಿನ ಸುರಿಮಳೆಯ ನಡುವೆಯೇ ನೌಕಾಬಲದ ವಿವರಗಳನ್ನು ನಿಸ್ತಂತು ಮೂಲಕ ಕೊಲಂಬೊಗೆ ರವಾನಿಸಲಾಯಿತು. ನಿಯಮದಂತೆ ಸಂದೇಶವನ್ನು ಪುನರಾವರ್ತಿಸುತ್ತಿದ್ದಾಗ ನಿಸ್ತಂತು ಯಂತ್ರವು ನಾಶವಾಯಿತು. ಹೊತ್ತಿ ಉರಿಯುತ್ತಿದ್ದ ವಿಮಾನವನ್ನು ಬರ್ಚಲ್ ಅವರು ಸಮುದ್ರದ ಮೇಲೆ ಇಳಿಸಿದರು. ಮೂವರು ಸಹೋದ್ಯೋಗಿಗಳು ಮೃತಪಟ್ಟರು. ಬರ್ಚಲ್ ಸೇರಿದಂತೆ ಉಳಿದ 6 ಮಂದಿಯನ್ನು ಇಸೊಕಾಜೆ ಎಂಬ ಜಪಾನಿನ ನೌಕೆಯು ಸೆರೆಹಿಡಿಯಿತು.

ಸಂದೇಶ ಕಳುಹಿಸಲಾಗಿದೆಯೇ ಎಂಬ ಬಗ್ಗೆ ಅವರನ್ನು ಹೊಡೆದು ವಿಚಾರಿಸಲಾಯಿತು. ಕಳುಹಿಸಿಲ್ಲವೆಂದೇ ಬರ್ಚಲ್ ಅವರು ತಿಳಿಸಿದರು. ಆದರೆ ಸಂದೇಶವನ್ನು ಮತ್ತೊಮ್ಮೆ ಕಳುಹಿಸುವಂತೆ ಕೊಲಂಬೊದಿಂದ ಬಂದ ಕೋರಿಕೆಯು ಜಪಾನೀಯರಿಗೆ ಕೇಳಿಸಿದ್ದರಿಂದ ಸತ್ಯ ಹೊರಬಿದ್ದು, ಹಿಂಸೆಯು ಇನ್ನಷ್ಟು ಹೆಚ್ಚಾಯಿತು.

ಸಂದೇಶದ ಪರಿಣಾಮ

ಮರುದಿನ, ಏಪ್ರಿಲ್ 5ರ ಈಸ್ಟರ್ ಭಾನುವಾರದಂದು, ಜಪಾನಿನ ವಿಮಾನಗಳು ಕೊಲಂಬೊ ಮೇಲೆ ದಾಳಿ ನಡೆಸಿದವು. ಮುನ್ಸೂಚನೆ ದೊರೆತಿದ್ದರಿಂದ ಬಂದರಿನಲ್ಲಿದ್ದ ಅನೇಕ ಹಡಗುಗಳನ್ನು ಹೊರಗೆ ಕಳುಹಿಸಿ, ರಕ್ಷಣಾ ಪಡೆಗಳನ್ನು ಎಚ್ಚರದಲ್ಲಿಡಲಾಗಿತ್ತು. ಬಂದರಿನಲ್ಲಿ ಬ್ರಿಟಿಷ್ ನೌಕಾಬಲವನ್ನು ಅನಿರೀಕ್ಷಿತವಾಗಿ ನಾಶಪಡಿಸುವ ಉದ್ದೇಶವು ಈಡೇರಲಿಲ್ಲ.

ಆದರೂ ನಷ್ಟವು ಅಲ್ಪವಾಗಿರಲಿಲ್ಲ. ಅದೇ ದಿನ ಕಾರ್ನ್‌ವಾಲ್ ಮತ್ತು ಡಾರ್ಸೆಟ್‌ಶೈರ್ ಎಂಬ ಎರಡು ಬ್ರಿಟಿಷ್ ಕ್ರೂಸರ್‌ಗಳು ಸಮುದ್ರದಲ್ಲಿ ಮುಳುಗಿ 400ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಏಪ್ರಿಲ್ 6ರಂದು ಭಾರತದ ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ ಬಾಂಬುಗಳು ಬಿದ್ದವು. ಏಪ್ರಿಲ್ 9ರಂದು ತ್ರಿಂಕೋಮಲಿಯ ಮೇಲೆ ದಾಳಿ ನಡೆದು, ಹರ್ಮಿಸ್ ಎಂಬ ವಿಮಾನವಾಹಕ ನೌಕೆಯೂ ಮುಳುಗಿತು. ಮುನ್ಸೂಚನೆ ಇಲ್ಲದಿದ್ದಲ್ಲಿ ಕೊಲಂಬೊದಲ್ಲಿ ಆಗಬಹುದಾಗಿದ್ದ ಹಾನಿಯನ್ನು ಈ ಘಟನೆಗಳಿಂದ ಊಹಿಸಬಹುದು.

ಯುದ್ಧ ಕೈದಿಯಾಗಿ

ಜಪಾನಿಗೆ ಒಯ್ಯಲ್ಪಟ್ಟ ಬರ್ಚಲ್ ಅವರು ಯುದ್ಧ ಮುಗಿಯುವವರೆಗೆ ವಿವಿಧ ಶಿಬಿರಗಳಲ್ಲಿ ಸೆರೆಯಲ್ಲಿದ್ದರು. ಕೈದಿಗಳ ಪೈಕಿ ಹಿರಿಯ ಅಧಿಕಾರಿಯಾಗಿದ್ದ ಕಾರಣ ಉಳಿದವರ ಹೊಣೆಗಾರಿಕೆ ಅವರ ಮೇಲಿತ್ತು. ಆಹಾರ ಮತ್ತು ಔಷಧಗಳ ಕೊರತೆ ತೀವ್ರವಾಗಿತ್ತು. ಯುದ್ಧಾನಂತರದ ಟೋಕಿಯೊ ನ್ಯಾಯಮಂಡಳಿಯು ದಾಖಲಿಸಿದಂತೆ, ಜಪಾನಿನ ವಶದಲ್ಲಿದ್ದ ಬ್ರಿಟಿಷ್ ಮತ್ತು ಅಮೆರಿಕನ್ ಯುದ್ಧ ಕೈದಿಗಳಲ್ಲಿ ಶೇಕಡ 27ರಷ್ಟು ಮಂದಿ ಸೆರೆಯಲ್ಲಿಯೇ ಮೃತಪಟ್ಟರು.

ರೋಗಪೀಡಿತರನ್ನೂ ಬಲವಂತವಾಗಿ ದುಡಿಸುತ್ತಿದ್ದುದನ್ನು ಬರ್ಚಲ್ ಅವರು ಪ್ರತಿಭಟಿಸಿದರು. ಒಮ್ಮೆ, ರೋಗಿಗಳಿಗೆ ಕೆಲಸದಿಂದ ವಿನಾಯಿತಿ ದೊರೆಯುವವರೆಗೆ ಯಾರೂ ಕೆಲಸ ಮಾಡದೆ ಕುಳಿತುಕೊಳ್ಳುವಂತೆ ಎಲ್ಲ ಕೈದಿಗಳಿಗೂ ತಿಳಿಸಿದರು. ಇದಕ್ಕಾಗಿ ಅವರನ್ನು ತೀವ್ರವಾಗಿ ಥಳಿಸಿ, ಶಿಕ್ಷಾ ಶಿಬಿರಕ್ಕೆ ಕಳುಹಿಸಿ, ಏಕಾಂತ ಸೆರೆಯಲ್ಲಿ ಇರಿಸಲಾಯಿತು.

ಈ ಅವಧಿಯಲ್ಲಿ ಶಿಬಿರಗಳ ಆಗುಹೋಗುಗಳನ್ನು ಅವರು ರಹಸ್ಯವಾಗಿ ದಿನಚರಿಗಳಲ್ಲಿ ಬರೆದು, ಮಣ್ಣಿನಲ್ಲಿ ಹೂತಿಡುತ್ತಿದ್ದರು. ಪತ್ತೆಯಾದಲ್ಲಿ ಕಠಿಣ ಶಿಕ್ಷೆ ಕಾದಿದ್ದರೂ ಬರವಣಿಗೆಯನ್ನು ನಿಲ್ಲಿಸಲಿಲ್ಲ. 1945ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ನಂತರ ಈ ದಿನಚರಿಗಳು ಯುದ್ಧಾಪರಾಧಗಳ ವಿಚಾರಣೆಯಲ್ಲಿ ಸಾಕ್ಷ್ಯವಾಗಿ ಬಳಕೆಯಾದವು. ಸ್ವತಃ ಬರ್ಚಲ್ ಅವರೂ ಸಾಕ್ಷಿ ನುಡಿದರು.

ಗೌರವಗಳು ಮತ್ತು ನಂತರದ ಜೀವನ

ಸಿಲೋನಿನ ಕಾರ್ಯಕ್ಕಾಗಿ ಅವರಿಗೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕವನ್ನೂ, ಸೆರೆಯಲ್ಲಿ ಸಹಕೈದಿಗಳಿಗೆ ಸಲ್ಲಿಸಿದ ಸೇವೆಗಾಗಿ 1946ರಲ್ಲಿ ಆರ್ಡರ್ ಆಫ್ ದಿ ಬ್ರಿಟಿಷ್ ಎಂಪೈರ್ ಗೌರವವನ್ನೂ ನೀಡಲಾಯಿತು. ತಾವು ಕಲಿತ ರಾಯಲ್ ಮಿಲಿಟರಿ ಕಾಲೇಜಿನ ಮುಖ್ಯಸ್ಥರಾಗಿ 1963ರಿಂದ 1967ರವರೆಗೆ ಸೇವೆ ಸಲ್ಲಿಸಿ, ಏರ್ ಕಮೊಡೋರ್ ಹುದ್ದೆಯಲ್ಲಿ ನಿವೃತ್ತರಾದರು. ನಂತರ ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಆಡಳಿತ ಹುದ್ದೆಯನ್ನು ನಿರ್ವಹಿಸಿದರು. 2000ದಲ್ಲಿ ಆರ್ಡರ್ ಆಫ್ ಕೆನಡಾ ಗೌರವವೂ ಅವರಿಗೆ ಸಂದಿತು.

ಉಪಸಂಹಾರ

ಬರ್ಚಲ್ ಅವರು ನಗುಮೊ ಅವರ ನೌಕಾಬಲವನ್ನು ತಡೆಯಲಿಲ್ಲ. ಒಂದು ವಿಮಾನದಿಂದ ಅದು ಸಾಧ್ಯವೂ ಇರಲಿಲ್ಲ. ಕಣ್ಣಾರೆ ಕಂಡದ್ದನ್ನು ಖಚಿತಪಡಿಸಿಕೊಂಡು, ತಿಳಿಸಬೇಕಾದವರಿಗೆ ಸಕಾಲದಲ್ಲಿ ತಿಳಿಸಿದ್ದೇ ಅವರ ಸಾಧನೆ. ಸಾಗರದ ಮೇಲೆ ಒಂದು ಸಂಜೆ ಮಾಡಿದ ಆ ಕರ್ತವ್ಯವನ್ನೇ ಸೆರೆಯಲ್ಲಿ ಮೂರು ವರ್ಷಗಳಿಗೂ ಹೆಚ್ಚು ಕಾಲ ಮುಂದುವರಿಸಿದರು. ಕೊಲಂಬೊ ನಗರದ ಜನರಿಗೂ, ಶಿಬಿರಗಳಲ್ಲಿದ್ದ ರೋಗಪೀಡಿತ ಕೈದಿಗಳಿಗೂ ಅದರಿಂದ ದೊರೆತ ರಕ್ಷಣೆಯು ಅವರ ಹೆಸರನ್ನು ಶಾಶ್ವತವಾಗಿ ಉಳಿಸಿದೆ.