ಸತ್ತ ಕುದುರೆ, ಸಾಯದ ಸೀಟು: ಜಾನ್ ಬೋಲ್ಟ್‌ಬೀ ಬ್ರೂಕ್ಸ್ ಅವರ ಜೀವನ

ಸೈಕಲ್ಲಿನ ಚರಿತ್ರೆಯನ್ನು ಹೇಳುವಾಗ ನಾವು ಚಕ್ರವನ್ನು ನೆನೆಯುತ್ತೇವೆ, ಚೈನನ್ನು ನೆನೆಯುತ್ತೇವೆ, ಗಾಳಿ ತುಂಬುವ ಟಯರಿನ ಡನ್‌ಲಪ್ ಅವರ ಹೆಸರನ್ನೂ ಹೇಳುತ್ತೇವೆ. ಸವಾರನ ಭಾರವನ್ನು ಹೊರುವ ಸೀಟಿನ ನೆನಪಾಗುವುದು ಮಾತ್ರ ಅದು ನೋಯಿಸಿದಾಗಲೇ. ಆ ನೋವನ್ನು ಸ್ವತಃ ಉಂಡು, ಅದಕ್ಕೆ ತಮ್ಮ ಕಸುಬಿನಲ್ಲಿಯೇ ಪರಿಹಾರ ಹುಡುಕಿದವರು ಇಂಗ್ಲೆಂಡಿನ ಜಾನ್ ಬೋಲ್ಟ್‌ಬೀ ಬ್ರೂಕ್ಸ್. ಅವರು ತೀರಿಕೊಂಡು ನೂರು ವರ್ಷಗಳು ಕಳೆದಿದ್ದರೂ ಅವರ ಹೆಸರು ಒತ್ತಿದ ಚರ್ಮದ ಸೀಟು ಲೋಕದಾದ್ಯಂತ ಇನ್ನೂ ರಸ್ತೆಯ ಮೇಲಿದೆ.

ಈ ಹೆಸರು ನಮಗೆ ಪೂರ್ತಿ ಅಪರಿಚಿತವೇನಲ್ಲ. ಸ್ವಾತಂತ್ರ್ಯಕ್ಕೆ ಮುಂಚೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಸೈಕಲ್ಲುಗಳ ಮೇಲೆ ಈ ಸೀಟುಗಳೂ ಬಂದವು. ಮುಂದೆ ಇದೇ ಮಾದರಿಯ ಚರ್ಮದ ಸೀಟುಗಳು ನಮ್ಮ ದೇಶದಲ್ಲೂ ತಯಾರಾದವು. ಊರು ಬಿಟ್ಟು ಮಹಾನಗರಗಳಲ್ಲಿ ನೆಲೆ ನಿಂತ ನಮ್ಮ ಎಷ್ಟೋ ಕುಟುಂಬಗಳ ಹಿರಿಯರು ಕಚೇರಿಗೆ ಹೋಗಿ ಬಂದದ್ದು ಅಂಥ ಸೀಟಿನ ಮೇಲೆ ಕುಳಿತೇ. ಮನೆ ಬದಲಿಸುವಾಗ ಹಳೆಯ ಸೈಕಲ್ಲು ಗುಜರಿಗೆ ಹೋಗುತ್ತದೆ. ಒಣಗಿ ಕಪ್ಪಾದ ಆ ತೊಗಲಿನ ತುಂಡನ್ನು ಯಾರೂ ತಿರುಗಿ ನೋಡುವುದಿಲ್ಲ. ಕೊಡುವ ಮೊದಲು ಅದೇನೆಂದು ತಿಳಿಯಲಿ ಎಂಬ ಆಶಯದಿಂದ ಈ ಪರಿಚಯವನ್ನು ಬರೆಯುತ್ತಿದ್ದೇವೆ.

ಬ್ರೂಕ್ಸ್ ಹುಟ್ಟಿದ್ದು 1846ರಲ್ಲಿ. ಅವರ ಯೌವನದ ಊರು ಲೆಸ್ಟರ್‌ಶೈರಿನ ಹಿಂಕ್ಲಿ ಎಂಬ ಸಣ್ಣ ಪಟ್ಟಣ. 1865ರಲ್ಲಿ, ಇನ್ನೂ ಇಪ್ಪತ್ತು ತುಂಬದ ಪ್ರಾಯದಲ್ಲಿ, ಜೇಬಿನಲ್ಲಿ 20 ಪೌಂಡು ಇಟ್ಟುಕೊಂಡು ಅವರು ಬರ್ಮಿಂಗ್‌ಹ್ಯಾಮ್ ನಗರಕ್ಕೆ ಹೊರಟರು. ಹೊಟ್ಟೆಪಾಡಿಗಾಗಿ ಹುಟ್ಟೂರು ಬಿಟ್ಟು ದೊಡ್ಡ ಶಹರಕ್ಕೆ ಹೋಗುವುದೆಂದರೆ ಏನೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬರ್ಮಿಂಗ್‌ಹ್ಯಾಮ್ ಆಗ ಸಾವಿರ ಕಸುಬುಗಳ ನಗರವೆಂದು ಹೆಸರಾಗಿತ್ತು. ಗುಂಡಿ, ಪೆನ್ನಿನ ಮುಳ್ಳು, ಬಂದೂಕು, ಬೀಗ ಹೀಗೆ ಕೈಯಲ್ಲಿ ಹಿಡಿಯುವ ಸಾಮಾನುಗಳೆಲ್ಲ ಅಲ್ಲಿನ ಸಣ್ಣ ದೊಡ್ಡ ಕಾರ್ಖಾನೆಗಳಲ್ಲಿ ತಯಾರಾಗುತ್ತಿದ್ದವು.

ಮರುವರ್ಷ, ಅಂದರೆ 1866ರಲ್ಲಿ, ಅವರು ಅಲ್ಲಿನ ಗ್ರೇಟ್ ಚಾರ್ಲ್ಸ್ ಬೀದಿಯಲ್ಲಿ ಸ್ವಂತ ಉದ್ಯಮ ಆರಂಭಿಸಿದರು. ಕುದುರೆಗಳಿಗೆ ಬೇಕಾದ ಪಟ್ಟಿ, ಲಗಾಮು ಮೊದಲಾದ ಸಜ್ಜುಗಳು ಮತ್ತು ಇತರ ಚರ್ಮದ ಸಾಮಾನುಗಳು ಅಲ್ಲಿ ತಯಾರಾಗುತ್ತಿದ್ದವು. ಗಾಡಿ ಎಳೆಯಲು, ಸವಾರಿ ಮಾಡಲು, ಸರಕು ಸಾಗಿಸಲು ಕುದುರೆಯೇ ಆಧಾರವಾಗಿದ್ದ ಕಾಲವದು. ಜೀನು ಮತ್ತು ಸಜ್ಜಿನ ಕೆಲಸದ ಮೊದಲ ನಿಯಮ ಎಲ್ಲ ದೇಶಗಳಲ್ಲಿಯೂ ಒಂದೇ: ಚರ್ಮವು ಪ್ರಾಣಿಯ ಮೈಗೆ ಒಪ್ಪಬೇಕು, ಉಜ್ಜಿ ಹುಣ್ಣು ಮಾಡಬಾರದು. ತೊಗಲಿನ ಯಾವ ಭಾಗ ಗಟ್ಟಿ, ಯಾವುದು ಬೇಗ ಹಿಗ್ಗುತ್ತದೆ, ಎಷ್ಟು ಎಳೆದರೆ ಬಿಗಿಯಾಗಿ ನಿಲ್ಲುತ್ತದೆ ಎಂಬ ತಿಳಿವಳಿಕೆ ಬರುವುದು ವರ್ಷಗಟ್ಟಲೆ ಕೈಯಾಡಿಸಿದ ಮೇಲೆಯೇ. ಬ್ರೂಕ್ಸ್ ಅವರಿಗೆ ಅಂಥ ಹನ್ನೆರಡು ವರ್ಷಗಳು ಸಿಕ್ಕವು.

1878ರಲ್ಲಿ ಅವರ ಸ್ವಂತ ಕುದುರೆ ಸತ್ತುಹೋಯಿತು. ಇನ್ನೊಂದನ್ನು ಕೊಳ್ಳುವಷ್ಟು ಅನುಕೂಲ ಅವರಿಗಿರಲಿಲ್ಲ. ಕೆಲಸಕ್ಕೆ ಹೋಗಿ ಬರಲು ಒಂದು ಸೈಕಲ್ಲನ್ನು ಎರವಲು ಪಡೆದರು ಎಂದು ಸಂಸ್ಥೆಯ ಚರಿತ್ರೆ ಹೇಳುತ್ತ ಬಂದಿದೆ. ಆ ಕಾಲದ ಸೈಕಲ್ಲು ಇಂದಿನಂಥದ್ದಲ್ಲ. ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರವಿರುವ ಗಾಡಿಗಳ ದಿನಗಳವು. ಚಕ್ರಕ್ಕೆ ಗಟ್ಟಿ ರಬ್ಬರು, ರಸ್ತೆಗೆ ಕಲ್ಲಿನ ಹಾಸು. ಕುದುರೆಯ ಮೈಗೆ ನೋವಾಗದಂತೆ ಚರ್ಮವನ್ನು ಅಣಿಗೊಳಿಸುತ್ತಿದ್ದವರಿಗೆ ಸೈಕಲ್ಲಿನ ಸೀಟು ಬಹಳ ನೋವು ಕೊಟ್ಟಿತು. ನೋವು ಎಲ್ಲ ಸವಾರರಿಗೂ ಇದ್ದದ್ದೇ. ಅದನ್ನು ಹೋಗಲಾಡಿಸುವ ವಿದ್ಯೆ ಕೈಯಲ್ಲಿದ್ದವರು ಕೆಲವರೇ.

ನಾಲ್ಕು ವರ್ಷಗಳ ನಂತರ, 1882ರ ಅಕ್ಟೋಬರ್ 28ರಂದು, ಬ್ರೂಕ್ಸ್ ತಮ್ಮ ಮೊದಲ ಸೀಟಿನ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ಅವರ ಹೆಸರಿನಲ್ಲಿ ಮುಂದೆ ಪ್ರಸಿದ್ಧವಾದ ಸೀಟುಗಳ ತತ್ತ್ವವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಅದೊಂದು ಜೋಲಿ. ಉಕ್ಕಿನ ಚೌಕಟ್ಟಿನ ಮುಂದಿನ ಮೂಗಿಗೂ ಹಿಂದಿನ ಬಾಗಿದ ತಗಡಿಗೂ ಚರ್ಮವನ್ನು ರಿವೆಟ್ ಹೊಡೆದು ಬಿಗಿಯುತ್ತಾರೆ. ನಡುವೆ ಅದಕ್ಕೆ ಯಾವ ಆಸರೆಯೂ ಇಲ್ಲ. ಸುಮಾರು 5ರಿಂದ 6 ಮಿಲಿಮೀಟರು ದಪ್ಪದ ದನದ ತೊಗಲು ಹೊಸದಿದ್ದಾಗ ಮರದ ಹಲಗೆಯಂತಿರುತ್ತದೆ. ದಿನಗಳೆದಂತೆ ಸವಾರನ ಭಾರಕ್ಕೆ, ಮೈಯ ಬಿಸಿಗೆ ಅದು ಪಳಗಿ, ಮೂಳೆ ಊರುವ ಎರಡು ಕಡೆ ಸಣ್ಣ ತಗ್ಗುಗಳು ಮೂಡುತ್ತವೆ. ಆಮೇಲೆ ಅದು ಆ ಒಬ್ಬರ ಸೀಟು. ಹೊಸ ಚಪ್ಪಲಿ ಮೊದಲು ಕಚ್ಚಿ, ನಂತರ ಕಾಲಿಗೆ ಒಗ್ಗಿಕೊಳ್ಳುವಂತೆಯೇ ಇದೂ ಕೂಡ.

ಕಾಲವೂ ಬ್ರೂಕ್ಸ್ ಅವರಿಗೆ ಒದಗಿಬಂದಿತು. 1885ರಲ್ಲಿ ಪಕ್ಕದ ಕವೆಂಟ್ರಿ ನಗರದ ಜಾನ್ ಕೆಂಪ್ ಸ್ಟಾರ್ಲಿ ಅವರು ಎರಡೂ ಚಕ್ರಗಳು ಹೆಚ್ಚು ಕಡಿಮೆ ಸಮವಾಗಿರುವ ರೋವರ್ ಸೈಕಲ್ಲನ್ನು ತಂದರು. 1888ರಲ್ಲಿ ಡನ್‌ಲಪ್ ಅವರ ಗಾಳಿ ಟಯರು ಬಂದಿತು. 1890ರ ದಶಕದಲ್ಲಿ ಸೈಕಲ್ಲು ಸಾಹಸಿಗಳ ಆಟಿಕೆಯಾಗಿ ಉಳಿಯದೆ ಸಾಮಾನ್ಯರ ವಾಹನವಾಯಿತು; ಅದರೊಡನೆ ಸೀಟಿಗೂ ಬೇಡಿಕೆ ಬೆಳೆಯಿತು. ಆ ಶತಮಾನದ ಕೊನೆಯ ವರ್ಷಗಳಲ್ಲಿ ಬ್ರೂಕ್ಸ್ ಸಂಸ್ಥೆ ಹೊರತಂದ ಬಿ-17 ಎಂಬ ಮಾದರಿ ಇಂದಿನವರೆಗೂ ತಯಾರಾಗುತ್ತ ಬಂದಿದೆ. ಇಷ್ಟು ದೀರ್ಘಾಯುಸ್ಸು ಪಡೆದ ಸೈಕಲ್ ಸಾಮಾನುಗಳು ವಿರಳ.

ಬ್ರೂಕ್ಸ್ 1921ರಲ್ಲಿ ನಿಧನರಾದರು. ಅಷ್ಟು ಹೊತ್ತಿಗೆ ಟೂರ್ ದ ಫ್ರಾನ್ಸ್ ಪಂದ್ಯ ಆರಂಭವಾಗಿ 18 ವರ್ಷಗಳಾಗಿದ್ದವು. ದಿನಕ್ಕೆ ನೂರಾರು ಕಿಲೋಮೀಟರು ತುಳಿಯುವ ಪಂದ್ಯಗಾರರು 20ನೆಯ ಶತಮಾನದ ನಡುಭಾಗದವರೆಗೂ ಚರ್ಮದ ಸೀಟನ್ನೇ ನಂಬಿದ್ದರು. ಪಳಗಿದ ಸೀಟನ್ನು ಹಳೆಯ ಸೈಕಲ್ಲಿನಿಂದ ಬಿಚ್ಚಿ ಹೊಸದಕ್ಕೆ ಹಾಕಿಕೊಳ್ಳುವುದು ಅವರಲ್ಲಿ ರೂಢಿಯಾಗಿತ್ತು. 1960ರ ಸುಮಾರಿಗೆ ಇಟಲಿಯಿಂದ ಪ್ಲಾಸ್ಟಿಕ್ಕಿನ ಸೀಟು ಬಂದಿತು. ಅದು ಹಗುರ, ಮಳೆಗೆ ಹೆದರುವುದಿಲ್ಲ, ಪಳಗಿಸುವ ಗೋಜೂ ಇಲ್ಲ. ಮುಂದಿನ ಎರಡು ದಶಕಗಳಲ್ಲಿ ಪಂದ್ಯಗಳಿಂದ ಚರ್ಮ ಬಹುಮಟ್ಟಿಗೆ ಮರೆಯಾಯಿತು. ಬ್ರೂಕ್ಸ್ ಸಂಸ್ಥೆಯೂ ಕೈಯಿಂದ ಕೈಗೆ ದಾಟಿ 1960ರ ದಶಕದಲ್ಲಿ ರ‍್ಯಾಲೆ ಸೈಕಲ್ ಬಳಗಕ್ಕೆ ಸೇರಿತು. 2002ರಲ್ಲಿ ಇಟಲಿಯ ಸೆಲೆ ರಾಯಲ್ ಸಂಸ್ಥೆ ಅದನ್ನು ಕೊಂಡಿತು. ಆದರೂ ಚರ್ಮದ ಸೀಟುಗಳ ತಯಾರಿಕೆ ಬರ್ಮಿಂಗ್‌ಹ್ಯಾಮಿಗೆ ಹೊಂದಿಕೊಂಡ ಸ್ಮೆದಿಕ್ ಊರಿನಲ್ಲಿಯೇ ಮುಂದುವರಿಯಿತು.

ಜೀವನಚರಿತ್ರೆ ಇಲ್ಲಿಗೆ ಮುಗಿಯಿತಾದರೂ ಅವರು ಬಿಟ್ಟುಹೋದ ವಸ್ತುವನ್ನು ಗುರುತಿಸುವ ಬಗೆಯನ್ನು ಹೇಳದಿದ್ದರೆ ಪರಿಚಯ ಅಪೂರ್ಣವೇ. ಹಳೆಯ ಸೀಟೊಂದು ಕೈಗೆ ಸಿಕ್ಕರೆ ಮೊದಲು ಕೆಳಗೆ ತಿರುಗಿಸಿ ನೋಡಬೇಕು. ಹಿಂಬದಿಯಲ್ಲಿ ಸುರುಳಿ ಸ್ಪ್ರಿಂಗುಗಳಿದ್ದರೆ ಅದು ನೆಟ್ಟಗೆ ಕುಳಿತು ಸಾಗುವ ದಿನಬಳಕೆಯ ಸೈಕಲ್ಲಿನದು. ನಮ್ಮ ಹಿರಿಯರ ಸೈಕಲ್ಲುಗಳಲ್ಲಿ ಹೆಚ್ಚಾಗಿ ಇದ್ದದ್ದು ಇದೇ. ಪಂದ್ಯದ ಸೀಟಿಗೆ ಸ್ಪ್ರಿಂಗು ಇರುವುದಿಲ್ಲ. ಮುಂದಿನಿಂದ ಹಿಂದಕ್ಕೆ ಹಾಯ್ದ ಉಕ್ಕಿನ ಕಂಬಿಗಳಷ್ಟೇ ಇರುತ್ತವೆ. ಬಗ್ಗಿ ತುಳಿಯುವವನ ಭಾರದಲ್ಲಿ ಒಂದು ಪಾಲು ಕೈಗಳಿಗೆ ಹೋಗುವುದರಿಂದ ಅದು ಕಿರಿದಾಗಿಯೂ ಉದ್ದವಾಗಿಯೂ ಇರುತ್ತದೆ. ಬಿ-17ರ ಅಗಲ ಸುಮಾರು 17 ಸೆಂಟಿಮೀಟರು, ಪ್ರೊಫೆಷನಲ್ ಮಾದರಿಯದು ಸುಮಾರು 16, ಸ್ವಾಲೋ ಮಾದರಿಯದು ಸುಮಾರು 15. ಸ್ವಾಲೋವನ್ನು ದೂರದಿಂದಲೇ ಗುರುತಿಸಬಹುದು: ತೊಡೆಗೆ ಉಜ್ಜದಂತೆ ಅದರ ಪಕ್ಕಗಳನ್ನು ಕತ್ತರಿಸಿ ಕೆಳಗೆ ಮಡಚಿರುತ್ತಾರೆ. ಪ್ರೊಫೆಷನಲ್‌ನ ಗುರುತು ಸುತ್ತಿಗೆಯಿಂದ ತಟ್ಟಿದ ದೊಡ್ಡ ತಾಮ್ರದ ರಿವೆಟ್ಟುಗಳು. ಚರ್ಮದ ಪಕ್ಕದಲ್ಲಿ ಒತ್ತಿದ ಹೆಸರು, ಹಿಂಬದಿಯ ಲೋಹದ ಬಿಲ್ಲೆ ಇವೆರಡನ್ನೂ ಓದಬೇಕು. ಬಿಲ್ಲೆಯ ಮೇಲೆ ಐಡಿಯಾಲ್ ಎಂದಿದ್ದರೆ ಅದು ಫ್ರಾನ್ಸಿನದು. ಬ್ರೂಕ್ಸ್ ಸೀಟುಗಳಿಗೆ ಸರಿಸಾಟಿಯಾಗಿ ನಿಂತ ಹೆಸರದು.

ಜೋಡಿಸುವಾಗಲೂ ಎಚ್ಚರ ಬೇಕು. ಹಳೆಯ ಸೀಟುಗಳಲ್ಲಿ ದುಂಡು ಕಂಬಿಯವೂ ಉಂಟು, ಚಪ್ಪಟೆ ಪಟ್ಟಿಯವೂ ಉಂಟು. ಒಂದರ ಕ್ಲ್ಯಾಂಪು ಇನ್ನೊಂದಕ್ಕೆ ಹೊಂದುವುದಿಲ್ಲ. ಒತ್ತಾಯದಿಂದ ಬಿಗಿದರೆ ಕಂಬಿ ಸೊಟ್ಟಗಾಗುತ್ತದೆ. ಮೊದಲು ಸೀಟನ್ನು ಸಮತಟ್ಟಾಗಿ ಕೂರಿಸಿ, ಮೈ ಮುಂದಕ್ಕೆ ಜಾರುವಂತಿದ್ದರೆ ಮೂಗನ್ನು ಕೂದಲೆಳೆಯಷ್ಟು ಮೇಲೆತ್ತಬೇಕು. ಪೆಡಲು ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೇರವಾಗಿ ಚಾಚುವುದು ಎತ್ತರಕ್ಕೆ ಒಳ್ಳೆಯ ಮೊದಲ ಅಳತೆ. ಮೂಗಿನ ಕೆಳಗಿನ ಬೋಲ್ಟು ಜೋತುಬಿದ್ದ ಚರ್ಮವನ್ನು ಬಿಗಿಗೊಳಿಸಲು ಇರುವುದು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಮೆತ್ತಗಾಗಲೆಂದು ಸಡಿಲಿಸಲೂ ಬಾರದು. ರಿವೆಟ್ಟಿನ ಸುತ್ತ ಬಿರುಕು ಬಿಟ್ಟ ಸೀಟನ್ನು ಗೋಡೆಗೆ ತೂಗುಹಾಕುವುದೇ ಲೇಸು. ಸವಾರಿಯ ನಡುವೆ ಅದು ಹರಿದರೆ ಪೆಟ್ಟು ಬೀಳುವುದು ಸವಾರನಿಗೆ.

ಆರೈಕೆಯ ವಿಷಯದಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇವೆ. ಒಣಗಿದ ಹಳೆಯ ಸೀಟಿಗೆ ಜೀವ ಬರಲಿ ಎಂದು ನಾವೊಮ್ಮೆ ಅದನ್ನು ಎಣ್ಣೆಯಲ್ಲಿ ನೆನೆಸಿಟ್ಟೆವು. ಚರ್ಮ ಮೆತ್ತಗಾಯಿತು ನಿಜ, ಆದರೆ ಬಿಗಿ ಕಳೆದುಕೊಂಡು ಜೋತುಬಿದ್ದು, ಇನ್ನೆಂದೂ ಕುಳಿತುಕೊಳ್ಳಲಾಗದಂತೆ ಕೆಟ್ಟಿತು. ಯಾರದೋ ಎಷ್ಟೋ ವರ್ಷಗಳ ಓಡಾಟ ಮೂಡಿಸಿದ್ದ ಎರಡು ತಗ್ಗುಗಳೂ ಅದರೊಡನೆ ಅಳಿಸಿಹೋದವು. ಸೀಟಿಗೆಂದೇ ತಯಾರಾದ ಮೇಣದಂಥ ಲೇಪವನ್ನು ಬಟ್ಟೆಯಿಂದ ತೆಳ್ಳಗೆ ಸವರಿ, ಒಂದು ರಾತ್ರಿ ಬಿಟ್ಟು ಒರೆಸಿದ್ದರೆ ಸಾಕಾಗುತ್ತಿತ್ತು. ಮಳೆಯಲ್ಲಿ ನೆನೆದರೆ ನೆರಳಿನಲ್ಲಿ ತಾನಾಗಿ ಆರಲು ಬಿಡಬೇಕು. ಬಿಸಿಲು, ಬೆಂಕಿ ಎರಡೂ ಕೂಡದು.

ಬ್ರೂಕ್ಸ್ ಅವರು ಬಡತನದಲ್ಲಿ ಬಂದ ಒಂದು ತೊಂದರೆಯನ್ನು ತಮಗೆ ಗೊತ್ತಿದ್ದ ಕೆಲಸದಿಂದಲೇ ನೀಗಿಕೊಂಡವರು. ಕುದುರೆಗಳ ಕಾಲ ಮುಗಿಯುತ್ತಿದ್ದಾಗ ಅವರು ಕಸುಬನ್ನು ಬಿಡಲಿಲ್ಲ. ಅದೇ ಚರ್ಮ, ಅದೇ ರಿವೆಟ್ಟನ್ನು ಹೊಸ ವಾಹನಕ್ಕೆ ಒಗ್ಗಿಸಿದರು. ಅವರ ಸೀಟು ತಯಾರಾಗುವುದು ಅರ್ಧ ಕಾರ್ಖಾನೆಯಲ್ಲಿ, ಉಳಿದರ್ಧ ಸವಾರನಿಂದ. ಆದುದರಿಂದ ನಿಮ್ಮ ಮನೆಯ ಮೆಟ್ಟಿಲ ಕೆಳಗೆ ತಂದೆಯವರದೋ ಅಜ್ಜನವರದೋ ಹಳೆಯ ಸೈಕಲ್ಲಿದ್ದರೆ, ಗುಜರಿಯವನನ್ನು ಕರೆಯುವ ಮೊದಲು ಸೀಟಿನ ಧೂಳನ್ನು ಒಮ್ಮೆ ಒರೆಸಿ ನೋಡಿ ಎಂದು ನಾವು ವಿನಂತಿಸುತ್ತೇವೆ. ಅದರ ಮೇಲೆ ಬ್ರೂಕ್ಸ್ ಅವರ ಹೆಸರು ಇರಲಿ ಇಲ್ಲದಿರಲಿ, ಅದರಲ್ಲಿ ಮೂಡಿರುವ ಗುರುತು ನಿಮ್ಮವರದೇ.