ಫ್ರೆಡರಿಕ್ ಡಗ್ಲಾಸ್ (1818–1895)

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಗುಲಾಮಗಿರಿಯ ನಿರ್ಮೂಲನೆಗಾಗಿ ಹೋರಾಡಿದ ಮಹನೀಯರಲ್ಲಿ ಫ್ರೆಡರಿಕ್ ಡಗ್ಲಾಸ್ ಅವರು ಅಗ್ರಗಣ್ಯರು. ವಾಗ್ಮಿ, ಲೇಖಕ, ಪತ್ರಿಕಾ ಸಂಪಾದಕ, ರಾಜತಂತ್ರಜ್ಞ ಎಂದು ಅವರನ್ನು ಹಲವು ಬಗೆಯಲ್ಲಿ ಸ್ಮರಿಸಲಾಗುತ್ತದೆ. ಈ ಎಲ್ಲ ಸಾಧನೆಗಳ ಮೂಲದಲ್ಲಿರುವುದು ಬಾಲ್ಯದಲ್ಲಿ ಅವರು ಕದ್ದು ಕಲಿತ ಅಕ್ಷರಗಳು.

ಡಗ್ಲಾಸ್ ಅವರು ಮೇರಿಲ್ಯಾಂಡ್ ರಾಜ್ಯದ ಟಾಲ್ಬಟ್ ಕೌಂಟಿಯಲ್ಲಿ ಹುಟ್ಟುಗುಲಾಮರಾಗಿ ಜನಿಸಿದರು. ಅವರ ಮೊದಲ ಹೆಸರು ಫ್ರೆಡರಿಕ್ ಆಗಸ್ಟಸ್ ವಾಷಿಂಗ್ಟನ್ ಬೈಲಿ. ತಾವು 1817ರಲ್ಲಿ ಹುಟ್ಟಿರಬೇಕೆಂದು ಅವರು ಭಾವಿಸಿದ್ದರು. ಒಡೆಯನ ಲೆಕ್ಕದ ಪುಸ್ತಕದಲ್ಲಿ 1818ರ ಫೆಬ್ರವರಿ ಎಂದು ನಮೂದಾಗಿದ್ದುದು ಅವರ ಮರಣಾನಂತರ ಬಹುಕಾಲಕ್ಕೆ ಬೆಳಕಿಗೆ ಬಂತು. ತಂದೆ ಯಾರೆಂಬುದು ಖಚಿತವಾಗಿ ತಿಳಿಯಲಿಲ್ಲ, ಬಿಳಿಯನೆಂದಷ್ಟೇ ಕೇಳಿದ್ದರು. ತಾಯಿ ಹ್ಯಾರಿಯೆಟ್ ಬೈಲಿ ಸುಮಾರು 12 ಮೈಲಿ ದೂರದ ಹೊಲದಲ್ಲಿ ದುಡಿಯುತ್ತಿದ್ದರು. ಹಗಲಿನ ಕೆಲಸ ಮುಗಿಸಿ, ರಾತ್ರಿ ನಡೆದು ಬಂದು ಮಗುವನ್ನು ಮಲಗಿಸಿ, ಬೆಳಗಾಗುವುದರೊಳಗೆ ಹಿಂದಿರುಗಬೇಕಾಗಿತ್ತು. ಹೀಗೆ ಮಗ ತಾಯಿಯನ್ನು ಕಂಡದ್ದು ನಾಲ್ಕೈದು ಬಾರಿ ಮಾತ್ರ. ಅವನಿಗೆ ಏಳು ವರ್ಷವಾಗುವ ಹೊತ್ತಿಗೆ ಆಕೆ ತೀರಿಕೊಂಡರು. ಅಜ್ಜಿ ಬೆಟ್ಸಿ ಬೈಲಿ ಅವರೇ ಅವನನ್ನು ಸಾಕಿದರು.

1826ರಲ್ಲಿ ಬಾಲಕನನ್ನು ಬಾಲ್ಟಿಮೋರ್ ನಗರದ ಹ್ಯೂ ಆಲ್ಡ್ ಎಂಬುವರ ಮನೆಗೆ ಕಳುಹಿಸಲಾಯಿತು. ಮನೆಯೊಡತಿ ಸೋಫಿಯಾ ಆಲ್ಡ್ ಮೃದು ಸ್ವಭಾವದವರು. ಹುಡುಗನ ಆಸಕ್ತಿಯನ್ನು ಕಂಡು ಅಕ್ಷರಮಾಲೆಯನ್ನೂ ಕೆಲವು ಚಿಕ್ಕ ಪದಗಳನ್ನೂ ಹೇಳಿಕೊಟ್ಟರು. ವಿಷಯ ತಿಳಿದ ಪತಿ ಕೂಡಲೇ ಪಾಠವನ್ನು ನಿಲ್ಲಿಸಿದರು. ಓದು ಬಲ್ಲವನು ಗುಲಾಮನಾಗಿ ಉಳಿಯಲಾರನು, ಒಡೆಯನ ಕೆಲಸಕ್ಕೆ ಒದಗಲಾರನು ಎಂಬುದು ಅವರ ವಾದವಾಗಿತ್ತು. ಪತ್ನಿಗೆ ಎಚ್ಚರಿಕೆಯಾಗಿ ಆಡಿದ ಈ ಮಾತೇ ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಬಾಲಕನಿಗೆ ಬಿಡುಗಡೆಯ ದಾರಿಯನ್ನು ತೋರಿಸಿತು.

ಆ ಕಾಲದ ಕಾನೂನನ್ನು ಇಲ್ಲಿ ಗಮನಿಸಬೇಕು. ದಕ್ಷಿಣ ಕೆರೊಲಿನಾದಲ್ಲಿ 1740ರಷ್ಟು ಹಿಂದೆಯೇ ಗುಲಾಮರಿಗೆ ಬರಹ ಕಲಿಸುವುದನ್ನು ದಂಡನೀಯ ಅಪರಾಧವೆಂದು ಸಾರಲಾಗಿತ್ತು. 1830ರ ಆಸುಪಾಸಿನಲ್ಲಿ ಜಾರ್ಜಿಯಾ, ಉತ್ತರ ಕೆರೊಲಿನಾ, ವರ್ಜೀನಿಯಾ ಮತ್ತು ಅಲಬಾಮಾ ರಾಜ್ಯಗಳು ಇಂತಹ ನಿರ್ಬಂಧಗಳನ್ನು ವಿಧಿಸಿದವು. ಮೇರಿಲ್ಯಾಂಡ್‌ನಲ್ಲಿ ಅಂತಹ ಶಾಸನ ಇರಲಿಲ್ಲ. ಒಡೆಯರ ಭಯವೇ ಅಲ್ಲಿ ಶಾಸನದ ಸ್ಥಾನದಲ್ಲಿತ್ತು.

ಅಲ್ಲಿಂದ ಮುಂದೆ ಬೀದಿಯೇ ಬಾಲಕನ ಶಾಲೆಯಾಯಿತು. ಮನೆಯಿಂದ ಹೊರಗೆ ಹೋಗುವಾಗ ಜೇಬಿನಲ್ಲಿ ರೊಟ್ಟಿ ಇಟ್ಟುಕೊಳ್ಳುತ್ತಿದ್ದನು. ಅದನ್ನು ಹಸಿದ ಬಡ ಬಿಳಿಯ ಹುಡುಗರಿಗೆ ಕೊಟ್ಟು, ಬದಲಿಗೆ ಪಾಠ ಹೇಳಿಸಿಕೊಳ್ಳುತ್ತಿದ್ದನು. ಹಡಗುಕಟ್ಟೆಯಲ್ಲಿ ಬಡಗಿಗಳು ಮರದ ದಿಮ್ಮಿಗಳ ಮೇಲೆ, ಅವು ಹಡಗಿನ ಯಾವ ಭಾಗಕ್ಕೆ ಸೇರಬೇಕೆಂದು ತಿಳಿಯಲು, ಒಂದೊಂದು ಅಕ್ಷರ ಬರೆಯುತ್ತಿದ್ದರು. ಅವುಗಳನ್ನು ನೋಡಿ ಬರೆಯಲು ಆರಂಭಿಸಿದನು. ಗೋಡೆ, ಬೇಲಿ, ಕಲ್ಲುಹಾಸು ಅವನ ಹಲಗೆಗಳಾದವು, ಸೀಮೆಸುಣ್ಣವೇ ಲೇಖನಿ. ಒಡೆಯನ ಮಗ ಬರೆದು ಬಿಸುಟ ಕಾಪಿ ಪುಸ್ತಕಗಳ ಖಾಲಿ ಜಾಗದಲ್ಲಿ ಅಕ್ಷರ ತಿದ್ದಿದನು. ಸುಮಾರು 12ನೆಯ ವಯಸ್ಸಿನಲ್ಲಿ 50 ಸೆಂಟ್ ಕೊಟ್ಟು ಕೊಲಂಬಿಯನ್ ಆರೇಟರ್ ಎಂಬ ಭಾಷಣ ಸಂಗ್ರಹವನ್ನು ಕೊಂಡನು. ಗುಲಾಮನೊಬ್ಬನು ವಾದದಲ್ಲಿ ಒಡೆಯನನ್ನು ಸೋಲಿಸಿ ಬಿಡುಗಡೆ ಪಡೆಯುವ ಸಂವಾದವೊಂದು ಅದರಲ್ಲಿತ್ತು. ಓದು ಆತನಿಗೆ ಕೇವಲ ಸಂತೋಷವನ್ನು ತರಲಿಲ್ಲ. ತನ್ನ ಸ್ಥಿತಿ ಏನೆಂಬುದು ತಿಳಿದು, ಬಿಡುಗಡೆಯ ದಾರಿ ಕಾಣದೆ, ಅಕ್ಷರ ಬಾರದ ಸಂಗಾತಿಗಳೇ ಸುಖಿಗಳೆಂದು ಮರುಗಿದ ದಿನಗಳೂ ಇದ್ದವು.

1833ರಲ್ಲಿ ಅವರನ್ನು ಮತ್ತೆ ಹಳ್ಳಿಗೆ ಕರೆಸಿಕೊಳ್ಳಲಾಯಿತು. ಮರುವರ್ಷ, ಹಟಮಾರಿ ಗುಲಾಮರನ್ನು ಪಳಗಿಸುವುದರಲ್ಲಿ ಹೆಸರಾಗಿದ್ದ ಎಡ್ವರ್ಡ್ ಕೋವಿ ಎಂಬ ರೈತನ ಬಳಿ ದುಡಿಯಲು ಬಿಡಲಾಯಿತು. ಆರು ತಿಂಗಳು ಚಾಟಿಯೇಟು ತಿಂದ 16ರ ಹರೆಯದ ಡಗ್ಲಾಸ್ ಒಂದು ದಿನ ಕೈಯೆತ್ತಿ ಎದುರು ನಿಂತರು. ಹೋರಾಟ ಸುಮಾರು ಎರಡು ಗಂಟೆ ನಡೆಯಿತು. ಆಮೇಲೆ ಕೋವಿ ಅವರನ್ನು ಮತ್ತೆ ಹೊಡೆಯಲಿಲ್ಲ. ಅನಂತರ ಬೇರೊಂದು ಹೊಲದಲ್ಲಿದ್ದಾಗ ಅವರು ಭಾನುವಾರಗಳಂದು ಗುಟ್ಟಾಗಿ ಪಾಠಶಾಲೆ ನಡೆಸಿದರು. ಒಂದು ಹಂತದಲ್ಲಿ 40ಕ್ಕೂ ಹೆಚ್ಚು ಗುಲಾಮರು ಅಲ್ಲಿ ಓದು ಕಲಿಯುತ್ತಿದ್ದರು. 1836ರಲ್ಲಿ ಕೆಲವು ಸಂಗಾತಿಗಳೊಡನೆ ಪಲಾಯನಕ್ಕೆ ಯೋಜಿಸಿ, ಒಡೆಯನೇ ಕೊಟ್ಟಂತೆ ಪರವಾನಗಿ ಪತ್ರಗಳನ್ನು ತಾವೇ ಬರೆದರು. ಸುಳಿವು ಸಿಕ್ಕಿ ಬಂಧನವಾದಾಗ ತಮ್ಮ ಪತ್ರವನ್ನು ಬೆಂಕಿಗೆ ಹಾಕಿದರು. ಸಂಗಾತಿಗಳು ತಮ್ಮವನ್ನು ತಿಂದು ನುಂಗಿದರು.

ಸೆರೆಯಿಂದ ಬಿಟ್ಟ ಬಳಿಕ ಅವರನ್ನು ಮತ್ತೆ ಬಾಲ್ಟಿಮೋರ್‌ಗೆ ಕಳುಹಿಸಲಾಯಿತು. ಅಲ್ಲಿ ಹಡಗಿನ ಹಲಗೆಗಳ ಸಂದು ಮುಚ್ಚುವ ಕೆಲಸ ಕಲಿತರು. ಕೂಲಿಯೆಲ್ಲ ಒಡೆಯನ ಪಾಲಾಗುತ್ತಿತ್ತು. 1838ರ ಸೆಪ್ಟೆಂಬರ್ 3ರಂದು ನಾವಿಕನ ವೇಷ ಧರಿಸಿ, ಸ್ವತಂತ್ರ ಕಪ್ಪು ನಾವಿಕನೊಬ್ಬನ ಕಾಗದಪತ್ರಗಳೊಂದಿಗೆ ರೈಲು ಹತ್ತಿದರು. ಪತ್ರದಲ್ಲಿದ್ದ ಚಹರೆ ಅವರದಕ್ಕೆ ಹೊಂದುತ್ತಿರಲಿಲ್ಲ; ಅಧಿಕಾರಿ ಸರಿಯಾಗಿ ನೋಡಲಿಲ್ಲ. ಒಂದು ದಿನದೊಳಗೆ ನ್ಯೂಯಾರ್ಕ್ ಸೇರಿದರು. ಪಲಾಯನಕ್ಕೆ ಹಣ ಕೊಟ್ಟು ನೆರವಾದವರು ಸ್ವತಂತ್ರ ಮಹಿಳೆ ಆನಾ ಮರ್ರಿ. ಅದೇ ತಿಂಗಳು ಅವರಿಬ್ಬರ ವಿವಾಹ ನೆರವೇರಿತು. ಮ್ಯಾಸಚೂಸೆಟ್ಸ್‌ನ ನ್ಯೂ ಬೆಡ್‌ಫರ್ಡ್‌ನಲ್ಲಿ ನೆಲೆಸಿ ಡಗ್ಲಾಸ್ ಎಂಬ ಉಪನಾಮವನ್ನು ಸ್ವೀಕರಿಸಿದರು. ಲೋಕಕ್ಕೆ ಅಕ್ಷರದ ಮಹಿಮೆ ಸಾರಿದ ಈ ಧೀಮಂತರ ಪತ್ನಿ ಕೊನೆಯವರೆಗೂ ಬಹುಮಟ್ಟಿಗೆ ಅನಕ್ಷರಸ್ಥರಾಗಿಯೇ ಉಳಿದರೆಂಬುದನ್ನು ಮರೆಯಲಾಗದು. ಪತಿಯ ಸುದೀರ್ಘ ಪ್ರವಾಸಗಳ ಕಾಲದಲ್ಲಿ ಮನೆ ಮಕ್ಕಳ ಭಾರವನ್ನು ಹೊತ್ತವರು ಆಕೆಯೇ.

1841ರಲ್ಲಿ ನಾಂಟಕೆಟ್ ಸಭೆಯೊಂದರಲ್ಲಿ ಮಾಡಿದ ಭಾಷಣ ಡಗ್ಲಾಸ್ ಅವರನ್ನು ವಿಲಿಯಂ ಲಾಯ್ಡ್ ಗ್ಯಾರಿಸನ್ ಅವರ ಚಳವಳಿಗೆ ಸೇರಿಸಿತು. ಇಷ್ಟು ಸೊಗಸಾಗಿ ಮಾತನಾಡುವವನು ಗುಲಾಮನಾಗಿದ್ದಿರಲಾರನೆಂದು ಕೆಲವರು ಸಂಶಯಿಸಿದರು. ಅದಕ್ಕೆ ಉತ್ತರವಾಗಿ 1845ರಲ್ಲಿ ಒಡೆಯರ ಮತ್ತು ಊರುಗಳ ಹೆಸರುಗಳೊಂದಿಗೆ ಆತ್ಮಕಥೆ ಪ್ರಕಟಿಸಿದರು. ಸತ್ಯ ಸಾಬೀತಾಯಿತು, ಆದರೆ ಮರಳಿ ಸೆರೆ ಹಿಡಿಯುವ ಅಪಾಯ ಹೆಚ್ಚಿತು. ಅವರು ಐರ್ಲೆಂಡ್ ಹಾಗೂ ಬ್ರಿಟನ್‌ಗೆ ತೆರಳಿದರು. ಅಲ್ಲಿನ ಹಿತೈಷಿಗಳು 150 ಪೌಂಡ್ ಸಂಗ್ರಹಿಸಿ, 1846ರ ಡಿಸೆಂಬರ್‌ನಲ್ಲಿ ಅವರ ಬಿಡುಗಡೆಯನ್ನು ಖರೀದಿಸಿದರು. ಮನುಷ್ಯನಿಗೆ ಬೆಲೆ ಕಟ್ಟುವುದನ್ನು ಇದು ಒಪ್ಪಿಕೊಂಡಂತೆ ಎಂದು ಸಂಗಡಿಗರಲ್ಲೇ ಕೆಲವರು ಆಕ್ಷೇಪಿಸಿದರು. ಬೆನ್ನ ಹಿಂದೆ ಗುಲಾಮಬೇಟೆಗಾರರಿಲ್ಲದವರಿಗೆ ಆ ಆಕ್ಷೇಪ ಸುಲಭವಾಗಿತ್ತು.

ಸ್ವದೇಶಕ್ಕೆ ಮರಳಿ 1847ರ ಡಿಸೆಂಬರ್‌ನಲ್ಲಿ ರಾಚೆಸ್ಟರ್ ನಗರದಿಂದ ನಾರ್ತ್ ಸ್ಟಾರ್ ಪತ್ರಿಕೆಯನ್ನು ಆರಂಭಿಸಿದರು. ಅದೇ ನಗರದ ಶಾಲೆಯೊಂದು ಅವರ ಮಗಳು ರೊಸೆಟ್ಟಾಳನ್ನು ಸಹಪಾಠಿಗಳಿಂದ ಬೇರೆಯಾಗಿ ಕೂರಿಸಿತು. ಡಗ್ಲಾಸ್ ಇದನ್ನು ಬಹಿರಂಗವಾಗಿ ಖಂಡಿಸಿದರು. ರಾಚೆಸ್ಟರ್‌ನ ಸಾರ್ವಜನಿಕ ಶಾಲೆಗಳಲ್ಲಿ ವರ್ಣಭೇದ 1857ರಲ್ಲಿ ಕೊನೆಗೊಂಡಿತು. 1848ರ ಸೆನೆಕಾ ಫಾಲ್ಸ್ ಮಹಿಳಾ ಸಮಾವೇಶದಲ್ಲಿ ಸ್ತ್ರೀಯರ ಮತದಾನದ ನಿರ್ಣಯವನ್ನು ಬೆಂಬಲಿಸಿ ಮಾತನಾಡಿದರು.

ಅಂತರ್ಯುದ್ಧದ ಕಾಲದಲ್ಲಿ ಕಪ್ಪು ಯುವಕರನ್ನು ಸೈನ್ಯಕ್ಕೆ ಸೇರಿಸಲು ದುಡಿದರು. ಸ್ವಂತ ಇಬ್ಬರು ಪುತ್ರರೂ ಸೇರಿದರು. ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರ್, ಕಪ್ಪು ಸಿಪಾಯಿಗೆ ಬಟ್ಟೆಯ ಬಾಬ್ತು ಕಳೆದು 7 ಡಾಲರ್ ಎಂಬ ತಾರತಮ್ಯವನ್ನು 1863ರಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರ ಮುಂದಿಟ್ಟರು. ಮರುವರ್ಷ ಸಂಸತ್ತು ಸಮಾನ ವೇತನ ಮಂಜೂರು ಮಾಡಿತು. 1865ರಲ್ಲಿ 13ನೆಯ ಸಂವಿಧಾನ ತಿದ್ದುಪಡಿ ಗುಲಾಮಗಿರಿಯನ್ನು ರದ್ದುಪಡಿಸಿತು. 1870ರ 15ನೆಯ ತಿದ್ದುಪಡಿ ವರ್ಣದ ಕಾರಣಕ್ಕೆ ಮತ ನಿರಾಕರಿಸುವುದನ್ನು ನಿಷೇಧಿಸಿತು. ಮುಂದೆ ಅವರು ರಾಜಧಾನಿಯಲ್ಲಿ ಉನ್ನತ ಹುದ್ದೆಗಳನ್ನೂ, 1889ರಿಂದ 1891ರವರೆಗೆ ಹೈಟಿ ದೇಶದಲ್ಲಿ ಅಮೆರಿಕದ ಪ್ರತಿನಿಧಿ ಸ್ಥಾನವನ್ನೂ ವಹಿಸಿದರು.

1870ರಲ್ಲಿ ಅಮೆರಿಕದ ಕಪ್ಪು ಜನರಲ್ಲಿ ಸುಮಾರು ಶೇ. 80ರಷ್ಟು ಮಂದಿ ಅನಕ್ಷರಸ್ಥರಾಗಿದ್ದರು. 1900ರ ಹೊತ್ತಿಗೆ ಈ ಪ್ರಮಾಣ ಸುಮಾರು ಶೇ. 45ಕ್ಕೆ ಇಳಿಯಿತು. ಆದರೆ 1890ರಲ್ಲಿ ಮಿಸಿಸಿಪಿ ರಾಜ್ಯವು ಹೊಸ ಸಂವಿಧಾನದಲ್ಲಿ ಮತದಾರರಿಗೆ ಓದುವ ಪರೀಕ್ಷೆಯನ್ನು ವಿಧಿಸಿತು. ತೇರ್ಗಡೆ ನಿರ್ಧರಿಸುವವರು ಬಿಳಿಯ ಅಧಿಕಾರಿಗಳೇ ಆಗಿದ್ದರು. ಯಾರಿಗೆ ಅಕ್ಷರವನ್ನು ನಿಷೇಧಿಸಲಾಗಿತ್ತೋ ಅವರಿಂದಲೇ ಈಗ ಅದನ್ನು ಮತದ ಬೆಲೆಯಾಗಿ ಕೇಳಲಾಯಿತು. ಇಂತಹ ಪರೀಕ್ಷೆಗಳಿಗೆ ತಡೆ ಬಿದ್ದದ್ದು 1965ರ ಮತದಾನ ಹಕ್ಕುಗಳ ಕಾಯಿದೆಯಿಂದ.

1894ರ ಸೆಪ್ಟೆಂಬರ್ 3ರಂದು, ತಾವು ರೈಲು ಹತ್ತಿ ಪಾರಾದ ದಿನಕ್ಕೆ ಸರಿಯಾಗಿ 56 ವರ್ಷಗಳ ಬಳಿಕ, ಡಗ್ಲಾಸ್ ಅವರು ವರ್ಜೀನಿಯಾದ ಮನಾಸಸ್‌ನಲ್ಲಿ ಕಪ್ಪು ಮಕ್ಕಳ ಕೈಗಾರಿಕಾ ಶಾಲೆಯೊಂದರ ಪ್ರಾರಂಭೋತ್ಸವದಲ್ಲಿ ಭಾಷಣ ಮಾಡಿದರು. ಆ ಶಾಲೆಯ ಸ್ಥಾಪಕಿ ಜೆನ್ನಿ ಡೀನ್ ಅವರೂ ಗುಲಾಮಗಿರಿಯಲ್ಲಿ ಹುಟ್ಟಿದವರು. 1895ರ ಫೆಬ್ರವರಿ 20ರಂದು ವಾಷಿಂಗ್ಟನ್‌ನಲ್ಲಿ ಮಹಿಳಾ ಪರಿಷತ್ತಿನ ಸಭೆಯೊಂದರಲ್ಲಿ ಭಾಗವಹಿಸಿ ಮನೆಗೆ ಹಿಂದಿರುಗಿದ ಡಗ್ಲಾಸ್ ಅವರು ಆ ಸಂಜೆಯೇ ನಿಧನರಾದರು. ಅವರ ಸಮಾಧಿ ರಾಚೆಸ್ಟರ್‌ನಲ್ಲಿದೆ.