ಕ್ರೀಡಾಂಗಣಗಳನ್ನೇ ಹಾಡಿಸಿದ ಫ್ರೆಡ್ಡಿ ಮರ್ಕ್ಯುರಿ

ರಾಕ್ ಸಂಗೀತದ ಗಂಧಗಾಳಿ ಇಲ್ಲದವರೂ ಆ ಲಯವನ್ನು ಒಮ್ಮೆಯಾದರೂ ಕೇಳಿರುತ್ತಾರೆ. ಎರಡು ಬಾರಿ ನೆಲಕ್ಕೆ ಕಾಲು ಬಡಿತ, ಹಿಂದೆಯೇ ಒಂದು ಚಪ್ಪಾಳೆ. ಕ್ರಿಕೆಟ್ ಪಂದ್ಯದ ನಡುವಿನ ಬಿಡುವಿನಲ್ಲಿ, ಕಾಲೇಜಿನ ವಾರ್ಷಿಕೋತ್ಸವದಲ್ಲಿ ಇಂದಿಗೂ ಮೊಳಗುವ 'ವಿ ವಿಲ್ ರಾಕ್ ಯೂ' ಗೀತೆಯ ಲಯವದು. ಬ್ರಿಟನ್ನಿನ 'ಕ್ವೀನ್' ತಂಡದ ಈ ಗೀತೆಗೆ ಕಂಠ ಕೊಟ್ಟ ಫ್ರೆಡ್ಡಿ ಮರ್ಕ್ಯುರಿ ಇಹಲೋಕ ತ್ಯಜಿಸಿದ್ದು 1991ರಲ್ಲಿ. ಆತ ಮೂಲತಃ ಪಾರ್ಸಿ ಮನೆತನದ ಕುಡಿ, ಮಹಾರಾಷ್ಟ್ರದ ಪಂಚಗಣಿಯಲ್ಲಿ ಓದಿದ ಹುಡುಗ ಎಂಬ ಸಂಗತಿ ಅನೇಕರಿಗೆ ಇಂದಿಗೂ ಹೊಸತು.

ಫ್ರೆಡ್ಡಿಯವರಿಗಿಂತ ಹೆಚ್ಚು ಶಾಸ್ತ್ರೀಯವಾಗಿ ಹಾಡಬಲ್ಲವರು ಇದ್ದರು. ಆದರೆ ಲಕ್ಷದಷ್ಟು ಜನರನ್ನು ಒಂದೇ ಶ್ರುತಿಗೆ ತಂದು, ಅವರನ್ನೂ ತಂಡದ ಸದಸ್ಯರೆಂಬಂತೆ ಹಾಡಿಸಿದವರು ವಿರಳ. ವಿಚಿತ್ರವೆಂದರೆ ಜನಸ್ತೋಮದೊಂದಿಗೆ ಅಷ್ಟು ಸಲುಗೆಯಿಂದ ಸಂವಾದಿಸುತ್ತಿದ್ದ ಈ ಗಾಯಕ, ತಮ್ಮ ಖಾಸಗಿ ಬದುಕಿನ ಬಗ್ಗೆ ಅದೇ ಜನರಿಗೆ ಬಹುತೇಕ ಏನನ್ನೂ ಹೇಳಲಿಲ್ಲ. ಅವರ ಜೀವನಗಾಥೆ ನಿಂತಿರುವುದು ಈ ಎರಡು ತುದಿಗಳ ನಡುವೆ.

ಜಾಂಜಿಬಾರ್‌ನಿಂದ ಪಂಚಗಣಿಗೆ

ಫ್ರೆಡ್ಡಿಯ ಹುಟ್ಟುಹೆಸರು ಫರೋಖ್ ಬುಲ್ಸಾರಾ. 1946ರ ಸೆಪ್ಟೆಂಬರ್ 5ರಂದು, ಆಗ ಬ್ರಿಟಿಷರ ಆಶ್ರಿತ ರಾಜ್ಯವಾಗಿದ್ದ ಪೂರ್ವ ಆಫ್ರಿಕಾದ ಜಾಂಜಿಬಾರ್ ದ್ವೀಪದಲ್ಲಿ ಜನನ. ತಂದೆ ಬೊಮಿ, ತಾಯಿ ಜೆರ್. ಗುಜರಾತಿನ ಬುಲ್ಸಾರ್, ಅಂದರೆ ಇಂದಿನ ವಲ್ಸಾಡ್ ಪಟ್ಟಣದ ಹೆಸರೇ ಮನೆತನದ ಹೆಸರಾಗಿತ್ತು. ತಂದೆ ಸರ್ಕಾರಿ ಕಚೇರಿಯಲ್ಲಿ ಕ್ಯಾಷಿಯರ್. ಮಗ ಒಳ್ಳೆಯ ಶಾಲೆಯಲ್ಲಿ ಓದಲೆಂಬ ಆಸೆಯಿಂದ ಸುಮಾರು ಎಂಟನೆಯ ವಯಸ್ಸಿನಲ್ಲೇ ಬಾಲಕನನ್ನು ಸಮುದ್ರ ದಾಟಿಸಿ ಭಾರತಕ್ಕೆ ಕಳುಹಿಸಿದರು. ಸಾತಾರಾ ಜಿಲ್ಲೆಯ ಗಿರಿಧಾಮ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯ ವಸತಿಗೃಹ ಅವನ ಮನೆಯಾಯಿತು.

ತಂದೆತಾಯಿ ಸಾವಿರಾರು ಮೈಲಿ ದೂರ. ಮೇಲ್ದವಡೆಯಲ್ಲಿ ಹೆಚ್ಚುವರಿಯಾಗಿ ಬೆಳೆದ ನಾಲ್ಕು ಹಲ್ಲುಗಳಿಂದಾಗಿ ಮುಂಚಾಚಿದ ಬಾಯಿ. ಸ್ವಭಾವತಃ ನಾಚಿಕೆಯ ಹುಡುಗ. ಅವನಿಗೆ ಧೈರ್ಯ ತಂದುಕೊಟ್ಟದ್ದು ಪಿಯಾನೊ. ಸಹಪಾಠಿಗಳೊಂದಿಗೆ ಸೇರಿ 'ದಿ ಹೆಕ್ಟಿಕ್ಸ್' ಎಂಬ ಪುಟ್ಟ ವಾದ್ಯವೃಂದ ಕಟ್ಟಿದ. ಕ್ಲಿಫ್ ರಿಚರ್ಡ್, ಲಿಟಲ್ ರಿಚರ್ಡ್ ಮುಂತಾದವರ ಹಾಡುಗಳನ್ನು ಶಾಲೆಯ ಸಮಾರಂಭಗಳಲ್ಲಿ ನುಡಿಸುವುದು ಅವರ ಕಾಯಕ. ಫರೋಖ್ ಎಂಬ ಹೆಸರು ಸ್ನೇಹಿತರ ಬಾಯಲ್ಲಿ ಫ್ರೆಡ್ಡಿ ಎಂದಾದದ್ದೂ ಇಲ್ಲಿಯೇ. ಮುಂದೆ ಹಣ, ಖ್ಯಾತಿ ಎರಡೂ ಬಂದಾಗಲೂ ಅವರು ಆ ಹಲ್ಲುಗಳನ್ನು ಸರಿಪಡಿಸಿಕೊಳ್ಳಲಿಲ್ಲ. ಕಂಠಕ್ಕೆ ಧಕ್ಕೆಯಾದೀತೆಂಬ ಅಂಜಿಕೆಯೇ ಅದಕ್ಕೆ ಕಾರಣ.

1963ರಲ್ಲಿ ಫ್ರೆಡ್ಡಿ ಜಾಂಜಿಬಾರ್‌ಗೆ ಮರಳಿದರು. ಮರುವರ್ಷದ ಜನವರಿಯಲ್ಲಿ ಅಲ್ಲಿ ಕ್ರಾಂತಿ ಸ್ಫೋಟಿಸಿ, ಸುಲ್ತಾನನ ಆಡಳಿತ ಉರುಳಿತು. ಅರಬರು ಹಾಗೂ ಭಾರತೀಯ ಮೂಲದವರ ಮೇಲೆ ಹಿಂಸಾಚಾರ ನಡೆಯಿತು. ಬುಲ್ಸಾರಾ ಕುಟುಂಬ ಇದ್ದುದನ್ನೆಲ್ಲ ಬಿಟ್ಟು ಇಂಗ್ಲೆಂಡಿಗೆ ವಲಸೆ ಬಂದು, ಲಂಡನ್ ಹೊರವಲಯದ ಫೆಲ್ಥಮ್‌ನಲ್ಲಿ ನೆಲೆಸಿತು.

ಹಳೆಯ ಬಟ್ಟೆ ಮಾರುತ್ತಿದ್ದ ದಿನಗಳು

ಈಲಿಂಗ್ ಕಲಾಶಾಲೆಯಲ್ಲಿ ಗ್ರಾಫಿಕ್ ಕಲೆ ಕಲಿತ ಫ್ರೆಡ್ಡಿ 1969ರಲ್ಲಿ ಡಿಪ್ಲೊಮಾ ಪಡೆದರು. ಹೊಟ್ಟೆಪಾಡಿಗಾಗಿ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಸಾಮಾನು ಸಾಗಿಸಿದರು. ಡ್ರಮ್ ವಾದಕ ಮಿತ್ರ ರೋಜರ್ ಟೇಲರ್ ಜೊತೆ ಕೆನ್ಸಿಂಗ್ಟನ್ ಮಾರುಕಟ್ಟೆಯಲ್ಲಿ ಹಳೆಯ ಬಟ್ಟೆಗಳನ್ನು ಮಾರಿದರು. ಟೇಲರ್ ಮತ್ತು ಗಿಟಾರ್ ವಾದಕ ಬ್ರಯಾನ್ ಮೇ ಅವರಿದ್ದ 'ಸ್ಮೈಲ್' ತಂಡದಿಂದ ಗಾಯಕ ಟಿಮ್ ಸ್ಟಾಫೆಲ್ ಹೊರನಡೆದಾಗ, 1970ರಲ್ಲಿ ಆ ಸ್ಥಾನವನ್ನು ತುಂಬಿದವರು ಫ್ರೆಡ್ಡಿ. ತಂಡಕ್ಕೆ 'ಕ್ವೀನ್' ಎಂಬ ಹೆಸರಿಟ್ಟವರೂ ಅವರೇ, ಲಾಂಛನ ಬಿಡಿಸಿದವರೂ ಅವರೇ. ಬುಲ್ಸಾರಾ ಹೋಗಿ ಮರ್ಕ್ಯುರಿ ಬಂದದ್ದು ಸರಿಸುಮಾರು ಅದೇ ಕಾಲದಲ್ಲಿ. 1971ರಲ್ಲಿ ಬಾಸ್ ಗಿಟಾರ್ ವಾದಕ ಜಾನ್ ಡೀಕನ್ ಸೇರಿದ ಬಳಿಕ ತಂಡದ ಚೌಕಟ್ಟು ಪೂರ್ಣಗೊಂಡಿತು.

1973ರಲ್ಲಿ ಮೊದಲ ಆಲ್ಬಂ ಹೊರಬಂತು. 1975ರ 'ಬೊಹೀಮಿಯನ್ ರಾಪ್ಸೊಡಿ' ಫ್ರೆಡ್ಡಿಯವರನ್ನು ಮನೆಮಾತಾಗಿಸಿತು. ಸುಮಾರು ಆರು ನಿಮಿಷಗಳ ಈ ಗೀತೆ ರೇಡಿಯೊಗೆ ತೀರಾ ದೀರ್ಘವಾಯಿತೆಂಬ ಆಕ್ಷೇಪವನ್ನು ಮೀರಿ, ಬ್ರಿಟನ್ನಿನ ಜನಪ್ರಿಯತೆಯ ಪಟ್ಟಿಯಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ಅನೇಕ ಪದರಗಳಲ್ಲಿ ಧ್ವನಿಮುದ್ರಿಸಿದ್ದ ಅದರ ಒಪೆರಾ ಭಾಗವನ್ನು ವೇದಿಕೆಯಲ್ಲಿ ನಾಲ್ವರೇ ಹಾಡುವುದು ಅಸಾಧ್ಯವಾಗಿತ್ತು. ಹಾಡಿದಂತೆ ನಟಿಸಲು ತಂಡ ಒಪ್ಪಲಿಲ್ಲ. ಆ ಭಾಗ ಬಂದಾಗ ನಾಲ್ವರೂ ವೇದಿಕೆಯಿಂದ ಮರೆಯಾಗುತ್ತಿದ್ದರು, ಮುದ್ರಿತ ಧ್ವನಿ ಮೊಳಗುತ್ತಿತ್ತು. ಅದು ಮುಗಿದೊಡನೆ ಮರಳಿ ಬಂದು ಹಾಡು ಮುಂದುವರಿಸುತ್ತಿದ್ದರು.

ಸಭಿಕರು ಕಲಿಸಿದ ಪಾಠ

ಆರಂಭದ ದಿನಗಳ ಕಾರ್ಯಕ್ರಮವೊಂದರಲ್ಲಿ ಮೈಕಿನ ಸ್ಟ್ಯಾಂಡ್ ನಡುವೆಯೇ ಮುರಿಯಿತು. ಫ್ರೆಡ್ಡಿ ಮುರಿದ ತುಂಡನ್ನೇ ಹಿಡಿದು ಹಾಡಿದರು. ಬುಡವಿಲ್ಲದ ಆ ಕೋಲು ಮುಂದೆ ಅವರ ಗುರುತೇ ಆಯಿತು. ಕೆಲವೊಮ್ಮೆ ಅದು ಗಿಟಾರ್, ಕೆಲವೊಮ್ಮೆ ರಾಜದಂಡ. ವೇದಿಕೆಯ ಉದ್ದಗಲಕ್ಕೂ ಓಡಾಡಿ ಹಾಡುವವರಿಗೆ ಅದು ಅನುಕೂಲಕರವೂ ಆಗಿತ್ತು.

ಆದರೆ ನಿಜವಾದ ತಿರುವು ಬಂದದ್ದು 1977ರ ಮೇ ತಿಂಗಳಲ್ಲಿ, ಇಂಗ್ಲೆಂಡಿನ ಸ್ಟಾಫರ್ಡ್ ಪಟ್ಟಣದ ಬಿಂಗ್ಲಿ ಹಾಲ್‌ನಲ್ಲಿ. ಕಾರ್ಯಕ್ರಮ ಮುಗಿದು ತಂಡ ಒಳನಡೆದರೂ ಸಭಿಕರು ಕದಲಲಿಲ್ಲ. ಬದಲಿಗೆ ಫುಟ್‌ಬಾಲ್ ಅಭಿಮಾನಿಗಳು ಹಾಡುವ ಗೀತೆಯೊಂದನ್ನು ಎಲ್ಲರೂ ಒಕ್ಕೊರಲಿನಿಂದ ಕಲಾವಿದರಿಗೇ ಹಾಡಿ ಕೇಳಿಸಿದರು. ಅದುವರೆಗೆ ಸಭಿಕರು ಜೊತೆಗೂಡಿ ಹಾಡುವುದನ್ನು ಅಡಚಣೆಯೆಂದು ಭಾವಿಸುವ ರಾಕ್ ತಂಡಗಳೂ ಇದ್ದವು. ಕ್ವೀನ್ ಅದನ್ನೇ ಬಂಡವಾಳ ಮಾಡಿಕೊಂಡಿತು. ಇಕ್ಕಟ್ಟಾಗಿ ನಿಂತ ಜನರು ಏನು ಮಾಡಬಲ್ಲರು ಎಂದು ಯೋಚಿಸಿದ ಬ್ರಯಾನ್ ಮೇ, ಕಾಲು ಬಡಿತ ಹಾಗೂ ಚಪ್ಪಾಳೆಯ 'ವಿ ವಿಲ್ ರಾಕ್ ಯೂ' ರಚಿಸಿದರು. ಫ್ರೆಡ್ಡಿ 'ವಿ ಆರ್ ದಿ ಚಾಂಪಿಯನ್ಸ್' ಬರೆದರು. ಎರಡೂ ಸಭಿಕರು ಹಾಡಲೆಂದೇ ಹುಟ್ಟಿದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವು ಬಿಡುಗಡೆಯಾದವು.

ಫ್ರೆಡ್ಡಿಯವರ ಇನ್ನೊಂದು ತಂತ್ರ ನಮ್ಮವರಿಗೆ ಅಪರಿಚಿತವಲ್ಲ. ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟುದನ್ನು ಉಳಿದವರು ಪುನರುಚ್ಚರಿಸುತ್ತಾರಲ್ಲವೇ, ಹಾಗೆಯೇ ಅವರು ಅರ್ಥವಿಲ್ಲದ ಒಂದು ಸ್ವರವನ್ನು ಎಳೆದು ಹಾಡಿ ನಿಲ್ಲಿಸುತ್ತಿದ್ದರು. ಸಭಿಕರು ಅದನ್ನು ತಿರುಗಿ ಒಪ್ಪಿಸಬೇಕು. ಮೊದಲು ಸುಲಭದ್ದು, ಆಮೇಲೆ ತಿರುವುಗಳಿದ್ದದ್ದು, ಕೊನೆಗೆ ಯಾರಿಂದಲೂ ಆಗದಂಥದ್ದು. ಜನ ಸೋತು ನಗುತ್ತಿದ್ದರು. ಪದಗಳಿಲ್ಲದ ಕಾರಣ ಇದಕ್ಕೆ ಭಾಷೆಯ ಗೊಡವೆ ಇರಲಿಲ್ಲ. 1981ರಲ್ಲಿ ದಕ್ಷಿಣ ಅಮೆರಿಕ ಪ್ರವಾಸ ಕೈಗೊಂಡಾಗ ಸಾವೊ ಪಾಲೊದ ಮೊರುಂಬಿ ಕ್ರೀಡಾಂಗಣದಲ್ಲಿ ಒಂದೇ ರಾತ್ರಿ ಲಕ್ಷಕ್ಕೂ ಅಧಿಕ ಜನ ಸೇರಿದ್ದರು. ಅವರಲ್ಲಿ ಬಹುಪಾಲು ಜನರ ಭಾಷೆ ಪೋರ್ಚುಗೀಸ್. ಆದರೂ 'ಲವ್ ಆಫ್ ಮೈ ಲೈಫ್' ಗೀತೆಯನ್ನು ಅವರೇ ಹಾಡಿದರು, ಫ್ರೆಡ್ಡಿ ಹಾಡು ನಿಲ್ಲಿಸಿ ಕೇಳುತ್ತ ನಿಂತರು.

ಅಳಿಸಲಾಗದ ಕಲೆ

ಜನರೊಂದಿಗೆ ಬೆಸೆಯುವ ಗಾಯಕನಿಗೆ, ಎದುರು ಕುಳಿತ ಜನ ಯಾರು ಎಂಬ ಪ್ರಶ್ನೆಯೂ ಎದುರಾಗುತ್ತದೆ. 1984ರ ಅಕ್ಟೋಬರ್‌ನಲ್ಲಿ ಕ್ವೀನ್ ತಂಡ ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾದ ಸನ್ ಸಿಟಿಯಲ್ಲಿ ಕಾರ್ಯಕ್ರಮ ನೀಡಿತು. ಆಗ ಆ ದೇಶದ ವಿರುದ್ಧ ವಿಶ್ವಸಂಸ್ಥೆಯ ಸಾಂಸ್ಕೃತಿಕ ಬಹಿಷ್ಕಾರ ಜಾರಿಯಲ್ಲಿತ್ತು. ರಾಜಕೀಯಕ್ಕೂ ತನಗೂ ಸಂಬಂಧವಿಲ್ಲವೆಂಬ ತಂಡದ ಸಮಜಾಯಿಷಿ ಯಾರಿಗೂ ಹಿಡಿಸಲಿಲ್ಲ. ಬ್ರಿಟನ್ನಿನ ಸಂಗೀತಗಾರರ ಒಕ್ಕೂಟ ದಂಡ ವಿಧಿಸಿತು, ವಿಶ್ವಸಂಸ್ಥೆಯ ಕಪ್ಪುಪಟ್ಟಿಯಲ್ಲಿ ತಂಡದ ಹೆಸರು ಸೇರಿತು. ಆಫ್ರಿಕಾದ ನೆಲದಲ್ಲೇ ಹುಟ್ಟಿ, ಅಲ್ಲಿಂದ ನಿರಾಶ್ರಿತನಾಗಿ ಬಂದವನು ಈ ಎಡವಟ್ಟಿನಲ್ಲಿ ಪಾಲುದಾರನಾದದ್ದು ಅವರ ಬಾಳಿನ ದೊಡ್ಡ ವಿಪರ್ಯಾಸ.

ಆ 21 ನಿಮಿಷ

ಇಂಥ ಹಿನ್ನೆಲೆಯಲ್ಲಿ 1985ರ ಜುಲೈ 13 ಬಂತು. ಇಥಿಯೋಪಿಯಾದ ಬರಪೀಡಿತರಿಗಾಗಿ ಬಾಬ್ ಗೆಲ್ಡಾಫ್ ಮತ್ತು ಮಿಡ್ಜ್ ಯೂರ್ ಸಂಘಟಿಸಿದ 'ಲೈವ್ ಏಡ್' ಕಾರ್ಯಕ್ರಮ ಲಂಡನ್ನಿನ ವೆಂಬ್ಲಿ ಹಾಗೂ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಏಕಕಾಲದಲ್ಲಿ ನಡೆಯಿತು. ನೂರಕ್ಕೂ ಹೆಚ್ಚು ದೇಶಗಳಿಗೆ ಅದು ನೇರ ಪ್ರಸಾರವಾಯಿತು. ವೆಂಬ್ಲಿಯಲ್ಲೇ ಸುಮಾರು 72 ಸಾವಿರ ಜನ. ಕ್ವೀನ್‌ನ ಕಾಲ ಮುಗಿಯಿತು ಎಂದು ಹಲವರು ಷರಾ ಬರೆದಾಗಿತ್ತು. ಪ್ರತಿ ತಂಡಕ್ಕೂ ಸಿಗುತ್ತಿದ್ದುದು ಸುಮಾರು 20 ನಿಮಿಷ ಮಾತ್ರ. ಆ ಅವಧಿಗೆ ಹೊಸ ಹಾಡಿನ ಪ್ರಚಾರ ಸಲ್ಲದೆಂದು ನಿರ್ಧರಿಸಿದ ತಂಡ, ಜನಪ್ರಿಯ ಗೀತೆಗಳನ್ನೇ ಕತ್ತರಿಸಿ ಜೋಡಿಸಿ, ಲಂಡನ್ನಿನ ಷಾ ಥಿಯೇಟರ್‌ನಲ್ಲಿ ಕರಾರುವಾಕ್ಕಾಗಿ ಅಭ್ಯಾಸ ಮಾಡಿತು.

ಸಂಜೆ 6.41ರ ಸುಮಾರಿಗೆ, ಇನ್ನೂ ಬಿಸಿಲಿರುವಾಗಲೇ ಫ್ರೆಡ್ಡಿ ಬಿಳಿಯ ಬನಿಯನ್ ತೊಟ್ಟು ಓಡುತ್ತ ಬಂದರು. ದೀಪಾಲಂಕಾರವಿಲ್ಲ, ಹೊಗೆಯಿಲ್ಲ, ಉಡುಪಿನ ಆಡಂಬರವಿಲ್ಲ. ಪಿಯಾನೊ ಮುಂದೆ ಕುಳಿತು 'ಬೊಹೀಮಿಯನ್ ರಾಪ್ಸೊಡಿ'ಯ ಒಂದು ಭಾಗ ಹಾಡಿ ಎದ್ದರು. 'ರೇಡಿಯೊ ಗಾ ಗಾ' ಆರಂಭವಾದಾಗ ಇಡೀ ಕ್ರೀಡಾಂಗಣದ ಕೈಗಳು ಮೇಲೆದ್ದು ಒಮ್ಮೆಗೇ ಚಪ್ಪಾಳೆ ತಟ್ಟಿದವು. ಆ ಗೀತೆಯ ವಿಡಿಯೊದಲ್ಲಿ ಕಂಡದ್ದನ್ನು ಜನ ತಾವಾಗಿಯೇ ಅನುಕರಿಸಿದ್ದರು. ಬಳಿಕ ಅವರ ಪರಿಚಿತ ಸ್ವರದಾಟ. ಎಳೆದ ಒಂದೊಂದು ಸ್ವರಕ್ಕೂ 72 ಸಾವಿರ ಕಂಠಗಳ ಮಾರ್ದನಿ. ಅದು ಕ್ವೀನ್ ಅಭಿಮಾನಿಗಳಷ್ಟೇ ನೆರೆದ ಸಭೆಯಾಗಿರಲಿಲ್ಲ ಎಂಬುದು ಇಲ್ಲಿ ಗಮನಾರ್ಹ. ಬೇರೆ ಬೇರೆ ಕಲಾವಿದರಿಗಾಗಿ ಬಂದವರು ಆ 21 ನಿಮಿಷಗಳ ಮಟ್ಟಿಗೆ ಫ್ರೆಡ್ಡಿಯ ಮೇಳವಾದರು. 2005ರಲ್ಲಿ ಬ್ರಿಟನ್ನಿನ ಚಾನೆಲ್ 4 ವಾಹಿನಿ ನಡೆಸಿದ ಸಮೀಕ್ಷೆಯಲ್ಲಿ ಇದೇ ಪ್ರದರ್ಶನ ಸಾರ್ವಕಾಲಿಕ ಶ್ರೇಷ್ಠ ರಾಕ್ ಕಾರ್ಯಕ್ರಮವೆಂದು ಆಯ್ಕೆಯಾಯಿತು.

ಮುಂದಿನ ವರ್ಷ 1986ರ ಜುಲೈ 27ರಂದು ಕ್ವೀನ್ ತಂಡ ಕಮ್ಯುನಿಸ್ಟ್ ಆಡಳಿತದ ಹಂಗೆರಿಯಲ್ಲಿತ್ತು. ಬುಡಾಪೆಸ್ಟ್ ಕ್ರೀಡಾಂಗಣದಲ್ಲಿ ಫ್ರೆಡ್ಡಿ ಹಂಗೆರಿಯ ಜನಪದ ಗೀತೆಯೊಂದನ್ನು ಅಲ್ಲಿನ ಭಾಷೆಯಲ್ಲೇ ಹಾಡಿದರು. ಸಾಹಿತ್ಯವನ್ನು ಅಂಗೈಯಲ್ಲಿ ಬರೆದುಕೊಂಡಿದ್ದರು, ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. ಈ ಬಾರಿ ಜನ ಕಲಿಸುವವರು, ಗಾಯಕ ಕಲಿಯುವವರು. ಪಾಶ್ಚಾತ್ಯ ರಾಕ್ ತಂಡಗಳು ಅಪರೂಪವಾಗಿದ್ದ ಆ ನಾಡಿನಲ್ಲಿ ಕ್ರೀಡಾಂಗಣ ಹರ್ಷೋದ್ಗಾರದಲ್ಲಿ ಮುಳುಗಿತು.

ಮೌನದ ವರ್ಷಗಳು

1986ರ ಆಗಸ್ಟ್ 9ರಂದು ಇಂಗ್ಲೆಂಡಿನ ನೆಬ್‌ವರ್ತ್ ಉದ್ಯಾನದಲ್ಲಿ ಲಕ್ಷಕ್ಕೂ ಹೆಚ್ಚು ಜನರೆದುರು ಕಿರೀಟ, ನಿಲುವಂಗಿ ಧರಿಸಿ ಫ್ರೆಡ್ಡಿ ವಿದಾಯ ಹೇಳಿದರು. ಕ್ವೀನ್ ಜೊತೆ ಅದೇ ಅವರ ಕೊನೆಯ ಕಛೇರಿ ಎಂಬುದು ನೆರೆದವರಿಗಾರಿಗೂ ತಿಳಿದಿರಲಿಲ್ಲ.

1987ರಲ್ಲಿ ಅವರಿಗೆ ಎಚ್‌ಐವಿ ಸೋಂಕು ದೃಢಪಟ್ಟಿತು. 2018ರ 'ಬೊಹೀಮಿಯನ್ ರಾಪ್ಸೊಡಿ' ಚಲನಚಿತ್ರದಲ್ಲಿ ಲೈವ್ ಏಡ್‌ಗೆ ಮುನ್ನವೇ ಅವರಿಗೆ ಕಾಯಿಲೆಯ ವಿಷಯ ತಿಳಿದಿತ್ತೆಂದು ತೋರಿಸಿರುವುದು ಕಥೆಗಾಗಿ ಮಾಡಿಕೊಂಡ ಬದಲಾವಣೆ. ಆ ಕಾಲದಲ್ಲಿ ಏಡ್ಸ್‌ಗೆ ಪರಿಣಾಮಕಾರಿ ಔಷಧವಿರಲಿಲ್ಲ. ರೋಗಕ್ಕಿಂತ ಅದರ ಕಳಂಕವೇ ಭೀಕರವಾಗಿತ್ತು. ಸಲಿಂಗ ಸಂಬಂಧಗಳ ಕುರಿತು ಬ್ರಿಟನ್ನಿನ ಕೆಲವು ಪತ್ರಿಕೆಗಳು ಅಸಹ್ಯಕರ ಕುತೂಹಲ ತೋರುತ್ತಿದ್ದವು. ಕೃಶವಾಗುತ್ತಿದ್ದ ಫ್ರೆಡ್ಡಿಯವರ ಮನೆಯ ಮುಂದೆ ಛಾಯಾಗ್ರಾಹಕರು ಕಾದು ಕುಳಿತರು. ವೇದಿಕೆ ತ್ಯಜಿಸಿದ ಗಾಯಕ ಸ್ಟುಡಿಯೊ ಬಿಡಲಿಲ್ಲ. ಸ್ಪೇನ್‌ನ ಒಪೆರಾ ಗಾಯಕಿ ಮೊನ್ಸೆರಾಟ್ ಕಬಾಯೆ ಜೊತೆ 'ಬಾರ್ಸಿಲೋನಾ' ಧ್ವನಿಮುದ್ರಿಸಿದರು. 1990ರ ಫೆಬ್ರುವರಿಯಲ್ಲಿ ಬ್ರಿಟ್ ಪ್ರಶಸ್ತಿ ಸಮಾರಂಭದಲ್ಲಿ ಸಹ ಕಲಾವಿದರೊಂದಿಗೆ ಕೊನೆಯ ಬಾರಿ ವೇದಿಕೆ ಏರಿದರು. 1991ರಲ್ಲಿ 'ಇನುಯೆಂಡೊ' ಆಲ್ಬಂ ಹೊರಬಂದಾಗ ಅವರಿಗೆ ನಿಲ್ಲುವುದೂ ಕಷ್ಟವಾಗಿತ್ತು. ಕಂಠ ಮಾತ್ರ ಕುಗ್ಗಿರಲಿಲ್ಲ.

1991ರ ನವೆಂಬರ್ 23ರಂದು ಅವರು ಪ್ರಕಟಣೆ ಹೊರಡಿಸಿ ತಮಗೆ ಏಡ್ಸ್ ಇರುವುದನ್ನು ಜಗತ್ತಿಗೆ ತಿಳಿಸಿದರು. ಮರುದಿನ ಸಂಜೆ, ಲಂಡನ್ನಿನ ಕೆನ್ಸಿಂಗ್ಟನ್‌ನ ಸ್ವಗೃಹದಲ್ಲಿ ಕೊನೆಯುಸಿರೆಳೆದಾಗ ವಯಸ್ಸು 45. ಅಂತ್ಯಕ್ರಿಯೆಯನ್ನು ಜರಥುಷ್ಟ್ರ ಧರ್ಮದ ಪುರೋಹಿತರು ನೆರವೇರಿಸಿದರು. ಜಗತ್ತು ಮರ್ಕ್ಯುರಿ ಎಂದು ಕರೆದವನನ್ನು ಮನೆಯವರು ಫರೋಖ್ ಬುಲ್ಸಾರಾನಾಗಿಯೇ ಬೀಳ್ಕೊಟ್ಟರು.

ಉಳಿದ ದನಿ

ಅವರು ಮೊದಲೇ ಹೇಳಿದ್ದರೆ ಏಡ್ಸ್ ರೋಗಿಗಳಿಗೆ ಇನ್ನಷ್ಟು ಧೈರ್ಯ ಬರುತ್ತಿತ್ತು ಎಂದು ಟೀಕಿಸಿದವರಿದ್ದಾರೆ. ಆದರೆ ಸಾಯುವ ಹೊತ್ತಿನಲ್ಲೂ ನೆಮ್ಮದಿ ಕೊಡದ ಸಮಾಜದಿಂದ ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳುವುದು ಒಬ್ಬ ರೋಗಿಯ ಹಕ್ಕಲ್ಲವೇ? ವೇದಿಕೆಯ ಮೇಲೆ ಏನನ್ನೂ ಬಾಕಿ ಉಳಿಸಿಕೊಳ್ಳದ ಮನುಷ್ಯ ಮನೆಯ ಬಾಗಿಲು ಮುಚ್ಚಿಕೊಂಡರೆ ಅದನ್ನು ಮೋಸವೆನ್ನಲಾಗದು.

1992ರ ಏಪ್ರಿಲ್ 20ರಂದು ಅದೇ ವೆಂಬ್ಲಿಯಲ್ಲಿ ಶ್ರದ್ಧಾಂಜಲಿ ಕಾರ್ಯಕ್ರಮ ನಡೆಯಿತು. 'ರೇಡಿಯೊ ಗಾ ಗಾ' ಮೊಳಗಿದಾಗ ಜನರ ಕೈಗಳು ತಾವಾಗಿಯೇ ಮೇಲೆದ್ದವು. ಅವರ ನೆನಪಿನಲ್ಲಿ ಸ್ಥಾಪನೆಯಾದ 'ಮರ್ಕ್ಯುರಿ ಫೀನಿಕ್ಸ್ ಟ್ರಸ್ಟ್' ಏಡ್ಸ್ ವಿರುದ್ಧದ ಹೋರಾಟಕ್ಕೆ ನೆರವು ನೀಡತೊಡಗಿತು. 2012ರ ಆಗಸ್ಟ್ 12ರಂದು ಲಂಡನ್ ಒಲಿಂಪಿಕ್ಸ್‌ನ ಸಮಾರೋಪದಲ್ಲಿ ಬೃಹತ್ ಪರದೆಗಳ ಮೇಲೆ ಫ್ರೆಡ್ಡಿಯ ಹಳೆಯ ದೃಶ್ಯವೊಂದು ಮೂಡಿತು. ಪರದೆಯ ಮೇಲಿನ ಗಾಯಕ ಸ್ವರ ಎಳೆದು ನಿಲ್ಲಿಸಿದ. ತೀರಿಕೊಂಡು 20 ವರ್ಷ ದಾಟಿದ್ದವನಿಗೆ ಕ್ರೀಡಾಂಗಣ ತುಂಬಿದ್ದ ಜನ, ಅವರಲ್ಲಿ ಆತ ಬದುಕಿದ್ದಾಗ ಇನ್ನೂ ಹುಟ್ಟಿರದಿದ್ದ ಮಕ್ಕಳೂ ಸೇರಿ, ಅದೇ ಶ್ರುತಿಯಲ್ಲಿ ಉತ್ತರ ಕೊಟ್ಟರು.